ಮಾವನವರ ಬೆಲ್ಲವನ್ನು ಸೇದಿದ್ದು

ಮುದುಕನಾದ ಮೇಲೆ ತಪ್ಪೊಪ್ಪಿಕೊಳ್ಳುವುದರಲ್ಲಿ ಒಂದು ಅನುಕೂಲವಿದೆ. ಅದೇ ತಪ್ಪನ್ನು ಇನ್ನೊಮ್ಮೆ ಮಾಡಲು ಬೇಕಾದ ಸಾಮಗ್ರಿ ನಮ್ಮ ಹತ್ತಿರ ಉಳಿದಿರುವುದಿಲ್ಲ. ನನ್ನ ತಪ್ಪಿಗೆ ಬೇಕಾಗಿದ್ದದ್ದು ಎರಡು ಗಟ್ಟಿ ಹಲ್ಲು. ಪೈಪು ಸೇದುವವನು ಅದನ್ನು ಕಚ್ಚಿ ಹಿಡಿಯಬೇಕು. ಬರಿಯ ತುಟಿಯಲ್ಲಿ ಹಿಡಿದರೆ ಕೆಂಡ ಎದೆಯ ಮೇಲೆ ಬೀಳುತ್ತದೆ. ಆ ಎರಡು ಹಲ್ಲುಗಳೂ ಹೋಗಿ ಕೆಲವು ವರ್ಷಗಳಾದವು. ಆದ್ದರಿಂದ ಈಗ ನಾನು ಯಾವ ಅಪಾಯವೂ ಇಲ್ಲದೆ ಪಶ್ಚಾತ್ತಾಪಪಡಬಹುದು. ಹಲ್ಲಿರುವಾಗಲೇ ಪಶ್ಚಾತ್ತಾಪಪಡುವ ಮಹಾನುಭಾವರೂ ಇರುತ್ತಾರಂತೆ. ಹುಣಸೂರಿನಲ್ಲಿ ನಾನು ಅಂಥವರನ್ನು ನೋಡಿಲ್ಲ.

ಹಲ್ಲಿನ ಮಾತಾಯಿತು, ಇನ್ನು ಮೂಗಿನದು. ನನ್ನ ಮೂಗು ಉಸಿರಾಡುವುದಕ್ಕೆ ಸಾಕು. ಅದಕ್ಕಿಂತ ಹೆಚ್ಚಿನ ಕೆಲಸ ಅದರಿಂದ ಎಂದೂ ಆಗಿಲ್ಲ. ಮಲ್ಲಿಗೆಗೂ ಸಂಪಿಗೆಗೂ ಇರುವ ವ್ಯತ್ಯಾಸ ನನಗೆ ಕಣ್ಣಿನಿಂದ ಗೊತ್ತು. ಒಲೆಯ ಮೇಲೆ ಹಾಲು ಸೀದು ಕರಿಯಾಗುವಾಗ ಅದರ ಪಕ್ಕದಲ್ಲೇ ಕುಳಿತು ವರ್ತಮಾನ ಪತ್ರಿಕೆ ಓದಿದವನು ನಾನು. ಇಂಥ ಮೂಗಿನವನು ಅಮೆರಿಕಾ ದೇಶದ ಹಳೆಯ ಕಾಲದ ಪೈಪು ಹೊಗೆಸೊಪ್ಪನ್ನು ಪರೀಕ್ಷೆ ಮಾಡಿ, ಅದರ ಗುಣದೋಷಗಳನ್ನು ಇಂಗ್ಲಿಷಿನಲ್ಲಿ ಬರೆದು, ಆ ಬರಹದ ಬಲದಿಂದ ಕಾಫಿ ಕಾರ್ಖಾನೆಯ ಹೆಡ್ ಗುಮಾಸ್ತನಾದ ಎಂದರೆ ನಂಬುವುದು ಕಷ್ಟ. ಕಾರ್ಖಾನೆಯ ಯಜಮಾನರಾದ ನನ್ನ ಇಂಗ್ಲಿಷ್ ದೊರೆ ನಂಬಿದರು.

ಮೊದಲು ನನ್ನ ಹೆಂಡತಿ ತಾಯಮ್ಮನ ವಿಷಯ ಹೇಳಬೇಕು. ಅವಳ ತೌರು ಎಡತೊರೆ. ಈಗ ಆ ಊರಿಗೆ ಮಹಾರಾಜರ ಹೆಸರಿಟ್ಟು ಕೃಷ್ಣರಾಜನಗರ ಎನ್ನುತ್ತಾರೆ. ಅವಳ ಬಾಯಲ್ಲಿ ಇನ್ನೂ ಎಡತೊರೆಯೇ. ಅವಳ ತಂದೆ ಹೊಳೆಯ ದಡದಲ್ಲಿ ಕಬ್ಬು ಬೆಳೆದು ಆಲೆಮನೆ ನಡೆಸುತ್ತಿದ್ದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮಗಳು ದೂರದಲ್ಲಿ ಕಟ್ಟೆಯ ಮೇಲೆ ಕುಳಿತಿದ್ದು, ಮುಖ ತಿರುಗಿಸದೆ, ‘ಅಪ್ಪ, ಇಳಿಸು’ ಎನ್ನುವಳಂತೆ. ಆ ಗಳಿಗೆಯಲ್ಲಿ ಇಳಿಸಿದ ಪಾಕ ಎಂದೂ ಕೆಟ್ಟಿಲ್ಲವೆಂದು ಮಾವನವರು ನಮ್ಮ ಮದುವೆಯ ಮಾತುಕತೆಯಲ್ಲೇ ಹೇಳಿದ್ದರು. ಹುಡುಗಿಯ ಬಣ್ಣ ನೋಡಲು ಹೋಗಿದ್ದ ನಮ್ಮ ಕಡೆಯವರಿಗೆ ಆ ಮೂಗಿನ ಬೆಲೆ ತಿಳಿಯಲಿಲ್ಲ.

ಮದುವೆಯಾದ ಎರಡನೆಯ ವರ್ಷ ನನ್ನ ಜೇಬಿನಲ್ಲಿ ಬೀಡಿ ಕಂಡಿತು. ಅವಳು ಜಗಳವಾಡಲಿಲ್ಲ. ದೇವರ ಮುಂದೆ ದೀಪ ಹಚ್ಚಿ, ‘ನೀವು ಒಗೆ ಸೇದೋದ ಬುಡೋಗಂಟ ನಾನು ಬೆಲ್ಲ ಮುಟ್ಟಾಕಿಲ್ಲ’ ಎಂದಳು. ಆಲೆಮನೆಯ ಮಗಳು ಮೂರು ದಿನ ತಡೆದಾಳು ಎಂದುಕೊಂಡೆ. ಏಳು ವರ್ಷ ತಡೆದಳು. ಒಬ್ಬಟ್ಟು ತಟ್ಟಿ ಊರಿಗೆಲ್ಲ ಬಡಿಸಿ ತಾನು ಮಜ್ಜಿಗೆ ಅನ್ನ ಉಣ್ಣುವಳು. ಯುಗಾದಿಯ ದಿನ ಎಲ್ಲರಿಗೂ ಬೇವು ಬೆಲ್ಲ ಕೊಟ್ಟು, ತಾನು ಮಾತ್ರ ಬರಿಯ ಬೇವಿನ ಚಿಗುರನ್ನು ಬಾಯಿಗೆ ಹಾಕಿಕೊಂಡು, ನನ್ನನ್ನೇ ನೋಡುತ್ತ ನಿಧಾನವಾಗಿ ಅಗಿಯುವಳು. ಆ ನೋಟ ತಪ್ಪಿಸಿಕೊಳ್ಳಲು ನಾನು ಹಿತ್ತಲಿಗೆ ಹೋಗುತ್ತಿದ್ದೆ. ಹಿತ್ತಲಿಗೆ ಹೋದವನು ಸುಮ್ಮನೆ ಹೇಗೆ ಇರುವುದೆಂದು ಒಂದು ಬೀಡಿ ಹಚ್ಚುತ್ತಿದ್ದೆ.

ಮನೆಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ಸೇದಿದ ಅಂಗಿ ಒಳಗೆ ಬರಕೂಡದು. ಸಂಜೆ ನಾನು ಬಾಗಿಲಲ್ಲಿ ಅಂಗಿ ಬಿಚ್ಚಿ ಕೊಡಬೇಕು. ಅವಳು ಅದನ್ನು ಸತ್ತ ಇಲಿಯನ್ನು ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು, ಒಮ್ಮೆ ಮೂಸಿ, ತಕ್ಕ ಮಾತು ಹೇಳಿ, ಬೇಲಿಯ ಮೇಲೆ ಹರಡುವಳು. ದಾರಿಯಲ್ಲಿ ಹೋಗುವವರಿಗೆ ನನ್ನ ಅಂಗಿ ನೋಡಿಯೇ ನಾನು ಮನೆಗೆ ಬಂದೆನೆಂದು ತಿಳಿಯುತ್ತಿತ್ತು.

ಹಿಂದಿನ ಮಹಾಯುದ್ಧ ಮುಗಿದು ಕೆಲವು ವರ್ಷವಾಗಿತ್ತು. ನಮ್ಮ ದೊರೆ ಹೆಗ್ಗಡದೇವನಕೋಟೆಯ ಕಾಡಿಗೆ ಶಿಕಾರಿಗೆ ಹೋಗಿ ಚಳಿಜ್ವರ ತಂದುಕೊಂಡರು. ಜ್ವರ ಹೋಯಿತು, ಹೋಗುವಾಗ ಅವರ ಮೂಗನ್ನೂ ತೆಗೆದುಕೊಂಡು ಹೋಯಿತು. ಕಾಫಿ ಕಾರ್ಖಾನೆಯ ದೊರೆಗೆ ವಾಸನೆ ತಿಳಿಯದೆಂದು ಕೊಡಗಿನ ತೋಟದವರಿಗೆ ಗೊತ್ತಾದರೆ ಒಂದು ಮೂಟೆಯೂ ನಮ್ಮ ಬಾಗಿಲಿಗೆ ಬರುವುದಿಲ್ಲ. ಇದೇ ಸಮಯಕ್ಕೆ ಅವರ ಮನಸ್ಸಿನಲ್ಲಿ ಇನ್ನೊಂದು ಆಸೆ ಬೆಳೆದಿತ್ತು. ತೋಟದ ದೊರೆಗಳೆಲ್ಲ ಸೇದುವ ಅಮೆರಿಕಾದ ಪೈಪು ಹೊಗೆಸೊಪ್ಪು ಹಡಗಿನಲ್ಲಿ ಬರುವುದು ಅಪರೂಪವಾಗಿತ್ತು. ಅದರಂಥದ್ದನ್ನು ಪಿರಿಯಾಪಟ್ಟಣದ ಕಡೆಯ ಸೊಪ್ಪಿನಲ್ಲಿ ಇಲ್ಲೇ ಮಾಡಿಸಬೇಕೆಂದು. ಹಾರನಹಳ್ಳಿಯ ರೈತರೊಬ್ಬರ ಹೊಲದಲ್ಲಿ ಅಮೆರಿಕಾದ ಬೀಜವನ್ನೂ ಹಾಕಿಸಿದ್ದರು. ಸೊಪ್ಪು ಬಂತು, ಮೂಗು ಇಲ್ಲ.

ಒಂದು ದಿನ ಉಗ್ರಾಣದ ಹಿಂದೆ ನಾನು ಬೀಡಿ ಸೇದುತ್ತಿದ್ದಾಗ ದೊರೆ ಬಂದುಬಿಟ್ಟರು. ಕೆಲಸ ಹೋಯಿತೆಂದೇ ತಿಳಿದೆ. ಅವರು ನನ್ನನ್ನು ಕೋಣೆಗೆ ಕರೆದು, ಬಾಗಿಲು ಹಾಕಿ, ತಮ್ಮ ಗುಟ್ಟು ಹೇಳಿ, ಮೇಜಿನ ಮೇಲೆ ಮಾದರಿಯ ಅಮೆರಿಕಾ ಸೊಪ್ಪಿನ ಒಂದು ತಗಡಿನ ಡಬ್ಬಿ ಇಟ್ಟರು. ‘ನೀನು ಸೇದುವವನು, ಹೈಸ್ಕೂಲು ಓದಿದವನು. ದಿನಾ ಸೇದಿ, ವಾಸನೆ ಹೇಗಿದೆಯೆಂದು ಬರೆದುಕೊಡು’ ಎಂದರು. ನನ್ನ ಮೂಗೂ ಅವರದರಂಥದ್ದೇ ಎಂದು ಆಗಲೇ ಹೇಳಿದ್ದರೆ ಈ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿಲ್ಲ. ಹೀಗೆ ಮೂಗಿಲ್ಲದ ಇಬ್ಬರು ಸೇರಿ ಒಂದು ವಾಸನೆಯನ್ನು ಹುಡುಕಲು ಹೊರಟೆವು.

ಅವರು ಕೊಟ್ಟ ಹಳೆಯ ಪೈಪು ಪರರು ಕಚ್ಚಿದ್ದು. ಹಾಗೆಯೇ ಬಾಯಿಗಿಡುವುದು ಹೇಗೆ? ಹುಣಸೆಹಣ್ಣು ಹಾಕಿ ಹಿತ್ತಾಳೆ ಚೊಂಬನ್ನು ಬೆಳಗುವ ಹಾಗೆ ಬೆಳಗಿದೆ. ಸಾಲದೆಂದು ಅದೇ ನೀರಿನಲ್ಲಿ ಕುದಿಸಿದೆ. ಆಮೇಲೆ ಕಚೇರಿ ಮುಗಿಸಿ ಲಕ್ಷ್ಮಣತೀರ್ಥದ ದಡದಲ್ಲಿ ಒಂದು ಹೊಂಗೆ ಮರದ ಬುಡಕ್ಕೆ ಹೋಗಿ ಕುಳಿತೆ. ಡಬ್ಬಿಯ ಮುಚ್ಚಳದ ಮೇಲೆ ಅಗಲವಾದ ಟೋಪಿ ಹಾಕಿದ ಮುದುಕನೊಬ್ಬ ಮನೆಯ ಮುಂದೆ ಕುರ್ಚಿಯಲ್ಲಿ ಕುಳಿತಿದ್ದ. ಒಳಗೆ ಎಳೆ ಎಳೆಯಾಗಿ ಕೊಯ್ದ ಸೊಪ್ಪು. ಹಳದಿ, ಕಂದು, ನಡುನಡುವೆ ಎಣ್ಣೆ ಹಚ್ಚಿದಂತೆ ಕರಿಯ ತುಣುಕು. ಹಚ್ಚಿದೆ. ಬೀಡಿಯ ಹಾಗೆ ಗಂಟಲು ಹಿಡಿಯಲಿಲ್ಲ. ಹೊಗೆ ನೀರಿನ ಮೇಲೆ ಎಮ್ಮೆಗಳು ಮಲಗಿದ್ದ ಕಡೆಗೆ ತೇಲಿತು. ಎಮ್ಮೆಗಳು ಕಾಣದಾದವು, ಆಚೆ ದಡ ಕಾಣದಾಯಿತು. ಟೋಪಿಯ ಮುದುಕನ ಮನೆ ಕಂಡಿತು. ನನ್ನ ಅಮೆರಿಕಾ ನಮ್ಮ ರಸ್ತೆಯ ಹ್ಯಾಂಡ್‌ಪೋಸ್ಟ್ ಕೈಮರದಿಂದ ಸ್ವಲ್ಪ ಮುಂದೆ, ಎಡಗಡೆಗೆ ಇತ್ತು. ಅಲ್ಲಿ ಯಾರಿಗೂ ಕೆಲಸವಿರಲಿಲ್ಲ; ಜೋಳದ ಹೊಲ ತಾನಾಗಿ ಬೆಳೆಯುತ್ತಿತ್ತು; ಯಾವ ಹೆಂಗಸೂ ಬೇವು ತಿನ್ನುತ್ತಿರಲಿಲ್ಲ. ಎಷ್ಟು ಹೊತ್ತು ಹಾಗೆ ಕುಳಿತಿದ್ದೆನೋ, ಪೈಪು ಆರಿ ತಣ್ಣಗಾಗಿತ್ತು. ವಾಸನೆ ಮಾತ್ರ ಏನೂ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ, ‘ಹೊಗೆ ಚೆನ್ನಾಗಿ ಬರುತ್ತದೆ’ ಎಂದು ಬರೆದುಕೊಟ್ಟೆ. ಅದು ತಮಗೂ ಕಾಣುತ್ತದೆ ಎಂದರು ದೊರೆ. ಆಗ ಗಾಬರಿಯಲ್ಲಿ ಹಿಂದಿನ ಸಂಜೆ ಬಾಗಿಲಲ್ಲಿ ಕೇಳಿದ ಮಾತು ನೆನಪಾಯಿತು. ತಾಯಮ್ಮ ಅಂಗಿ ಮೂಸಿ, ‘ಏನು, ಒಗೆಸೊಪ್ಪಿಗೆ ಹುಣಸೆ ಹಿಂಡಿ ಸಾರು ಕುಡ್ಕೊಂಡು ಬಂದ್ರಾ?’ ಎಂದಿದ್ದಳು. ‘ಕೊಂಚ ಹುಣಸೆಯ ಹುಳಿ ಇದೆ’ ಎಂದು ಸೇರಿಸಿದೆ. ಅಮೆರಿಕಾದಲ್ಲಿ ಹುಣಸೆ ಬೆಳೆಯುತ್ತದೆಯೇ ಎಂದು ದೊರೆ ಎರಡು ದಿನ ಪುಸ್ತಕಗಳನ್ನು ತಿರುವಿಹಾಕಿದರು.

ಮೂರನೆಯ ಸಂಜೆಗೆ ಪೈಪಿನ ಹುಣಸೆ ಹೋಗಿತ್ತು. ತಾಯಮ್ಮ ಅಂಗಿ ಹಿಡಿದು ಬಹಳ ಹೊತ್ತು ನಿಂತಳು. ‘ಆಲೆಮನೇಲಿ ತಳ ಹಿಡಿದ ಕೊಪ್ಪರಿಗೆ ಕೆರೆದಂಗದೆ. ಪಕ್ಕದಲ್ಲೇ ಯಾರೋ ಹುಲ್ಲಿನ ಮೆದೆ ಬಿಚ್ಚವ್ರೆ. ಎಲ್ಲೋ ಕೆಳಗೆ ನೇರಳೆಹಣ್ಣು ಬಿದ್ದು ಹುಳಿಯಾಯ್ತಾ ಅದೆ. ಇಷ್ಟನ್ನೂ ಮೈಗೆ ಬಳ್ಕೊಂಡು ಬರೋಕೆ ನೀವೇನು ಮನುಷ್ಯರಾ, ಸಂತೆಮಾಳವಾ?’ ಎಂದಳು. ನಾನು ಕೈಕಾಲು ತೊಳೆಯುವ ಮೊದಲೇ ಹೋಗಿ ಅದನ್ನು ಇಂಗ್ಲಿಷಿನಲ್ಲಿ ಬರೆದಿಟ್ಟೆ: ಮೊದಲು ಸುಟ್ಟ ಸಕ್ಕರೆ, ನಡುವೆ ಒಣಹುಲ್ಲು, ಕೊನೆಯಲ್ಲಿ ತುಸು ಹುಳಿಯಾದ ಹಣ್ಣು. ದೊರೆ ಓದಿ ಕುರ್ಚಿಯಿಂದ ಎದ್ದು ನಿಂತರು. ಡಬ್ಬಿಯ ಆ ಕರಿಯ ತುಣುಕು ಪೀಪಾಯಿಯಲ್ಲಿ ತನ್ನ ರಸದಲ್ಲೇ ಹುಳಿಸಿದ ಎಲೆ ಎಂದರು. ಅದನ್ನು ಹೊಗೆಯಲ್ಲಿ ಗುರುತಿಸುವ ಮೂಗು ಲಂಡನ್ನಿನಲ್ಲೂ ಅಪರೂಪವಂತೆ. ನನ್ನ ಕೈ ಕುಲುಕಿದರು. ನಾನು ಕೈ ಕೊಟ್ಟೆ. ಅದು ನನ್ನ ದೊಡ್ಡ ತಪ್ಪುಗಳಲ್ಲಿ ಮೊದಲನೆಯದು.

ಅಲ್ಲಿಂದ ನಾನು ಬೈಗುಳಕ್ಕಾಗಿ ಕಾದು ಮನೆಗೆ ಬರುವ ಗಂಡನಾದೆ. ಅವಳು ಸುಮ್ಮನಿದ್ದ ದಿನ, ‘ಇವತ್ತು ಬಹಳ ಕೆಟ್ಟದಾಗಿದೆಯೇ?’ ಎಂದು ನಾನೇ ಕೆಣಕುವೆನು. ದೊರೆಗಳ ಅಪ್ಪಣೆಯಂತೆ ಸೇದುತ್ತಿದ್ದೇನೆ ಎಂದರೆ, ‘ಬೀಡಿಗೂ ದೊರೆಗಳದೇ ಅಪ್ಪಣೆ ಇತ್ತಾ?’ ಎಂದಳು. ಒಂದು ಸಂಗತಿಯನ್ನು ಮಾತ್ರ ಕಣ್ಣಾರೆ ಕಂಡೂ ನಾನು ಅರ್ಥ ಮಾಡಿಕೊಳ್ಳಲಿಲ್ಲ. ಬೀಡಿಯ ಕಾಲದಲ್ಲಿ ಎರಡು ಬೆರಳಲ್ಲಿ ಹಿಡಿಯುತ್ತಿದ್ದ ಅಂಗಿಯನ್ನು ಅವಳು ಈಗ ಎರಡು ಕೈಯಲ್ಲೂ ಹಿಡಿಯುತ್ತಿದ್ದಳು. ಬಯ್ಯುವುದಕ್ಕೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಮುಖದ ಹತ್ತಿರ ಇಟ್ಟುಕೊಳ್ಳುತ್ತಿದ್ದಳು. ಏಳು ವರ್ಷ ಬೆಲ್ಲ ಮುಟ್ಟದವಳು.

ನಮ್ಮ ಸೊಪ್ಪನ್ನು ಅಮೆರಿಕಾದ ಹಾಗೆ ಹದ ಮಾಡಲು ದೊರೆ ಬಾಷಾ ಸಾಹೇಬರನ್ನು ಗೊತ್ತುಮಾಡಿದರು. ಅವರ ಮನೆತನದವರು ಗುಡಗುಡಿಗೆ ಹಾಕುವ ಗುಡಾಕು ಮಾಡುವವರು. ಹೊಗೆಸೊಪ್ಪನ್ನು ಬೆಲ್ಲ ಹಾಕಿ ಕುಟ್ಟುವುದು ಅವರ ಕಸುಬು. ಸಾಹೇಬರು ಡಬ್ಬಿಯನ್ನು ಮೂಸಿ ಗಡ್ಡದೊಳಗೆ ನಕ್ಕು, ‘ಇದು ನಮ್ಮ ಗುಡಾಕೇ ಕಣ್ರೀ. ಕೋಟು ಹಾಕ್ಕೊಂಡೈತೆ, ಅಷ್ಟೇ’ ಎಂದರು. ಆದರೆ ಮೂರು ಸಲ ಮಾಡಿದರೂ ಅದು ಕೋಟು ಹಾಕಿಕೊಳ್ಳಲಿಲ್ಲ. ‘ತೇವದ ಗೋಣಿಚೀಲ’ ಎಂದಿತು ನಮ್ಮ ಮನೆಯ ಬಾಗಿಲು. ಎರಡನೆಯದಕ್ಕೆ, ‘ಗಾಣದೆತ್ತು’ ಎಂದಿತು. ಮೂರನೆಯದನ್ನು ಇಲ್ಲಿ ಬರೆಯಲಾರೆ, ಆಗಲೂ ಬರೆಯಲಿಲ್ಲ. ಸಂತೆಯ ಬೆಲ್ಲದಲ್ಲಿ ಮಣ್ಣಿದೆ, ಒಳ್ಳೆಯ ಬೆಲ್ಲ ತಂದುಕೊಟ್ಟರೆ ಅಮೆರಿಕಾವನ್ನು ಇಲ್ಲೇ ತೋರಿಸುತ್ತೇನೆಂದರು ಸಾಹೇಬರು.

ಒಳ್ಳೆಯ ಬೆಲ್ಲ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ನಮ್ಮ ಮನೆಯ ಅಟ್ಟದ ಮೇಲೆ ಒಂದು ಮಡಕೆಯಲ್ಲಿ, ಒಣ ಬಾಳೆಲೆ ಸುತ್ತಿ ಇಟ್ಟ ಎರಡು ಅಚ್ಚು ಇದ್ದವು. ಮಾವನವರು ಪ್ರತಿ ವರ್ಷವೂ ಮಗಳಿಗೆಂದು ಬೇರೆಯಾಗಿ ಏಲಕ್ಕಿ, ಶುಂಠಿ ಹಾಕಿ ಎರಡು ಅಚ್ಚು ಹೊಯ್ದು ಕಳಿಸುತ್ತಿದ್ದರು. ಅವಳ ವ್ರತದ ವಿಷಯ ಅವರಿಗೆ ಹೇಳಿರಲಿಲ್ಲ. ಹಿಂದಿನ ವರ್ಷಗಳ ಅಚ್ಚನ್ನೆಲ್ಲ ನಾನೂ ನೆಂಟರೂ ತಿಂದು ಮುಗಿಸಿದ್ದೆವು. ಈ ಎರಡನ್ನು ಕಳಿಸಿದ ಮೇಲೆ ಮಳೆಗಾಲದಲ್ಲಿ ಮಾವನವರು ತೀರಿಕೊಂಡರು, ಆಲೆಮನೆ ನಿಂತುಹೋಯಿತು. ಇವನ್ನು ಯಾರಿಗೂ ಕೊಡುವುದಿಲ್ಲ, ನೀವು ಹೊಗೆ ಬಿಟ್ಟ ದಿನ ನಾನು ತಿನ್ನುತ್ತೇನೆ ಎಂದು ತಾಯಮ್ಮ ಮಡಕೆಯ ಬಾಯಿ ಕಟ್ಟಿದ್ದಳು.

ನಾನು ಆಗ ಮಾಡಿಕೊಂಡ ತರ್ಕವನ್ನು ಬರೆಯಲು ನಾಚಿಕೆಯಾಗುತ್ತದೆ. ನಾನಂತೂ ಹೊಗೆ ಬಿಡುವವನಲ್ಲ. ಆದ್ದರಿಂದ ಅವಳು ಆ ಬೆಲ್ಲ ತಿನ್ನುವವಳಲ್ಲ. ಆದ್ದರಿಂದ ಅದು ಯಾರಿಗೂ ಸೇರದ ಬೆಲ್ಲ. ಅವಳು ನೀರಿಗೆ ಹೋಗಿದ್ದಾಗ ಅಟ್ಟ ಹತ್ತಿ ಒಂದೂವರೆ ಅಚ್ಚು ತೆಗೆದುಕೊಂಡೆ. ಅರ್ಧ ಉಳಿಸಿದ್ದನ್ನು ಆಗ ನಾನು ನನ್ನ ಒಳ್ಳೆಯತನವೆಂದುಕೊಂಡೆ.

ಸಾಹೇಬರು ಆ ಬೆಲ್ಲವನ್ನು ನಾಲಗೆಗೆ ತಾಕಿಸಿಕೊಂಡು ಕಣ್ಣು ಮುಚ್ಚಿದರು. ಎಂಟು ದಿನ ಸೊಪ್ಪನ್ನು ಅದರ ಪಾಕದಲ್ಲಿ ಒತ್ತಿಟ್ಟು ತೆಗೆದರು. ಹೊಂಗೆಯ ಬುಡದಲ್ಲಿ ಅದನ್ನು ಸೇದಿದ ಸಂಜೆ ನದಿ, ಎಮ್ಮೆ, ಅಮೆರಿಕಾ ಎಲ್ಲ ಎಂದಿಗಿಂತ ಮೆಲ್ಲಗೆ ಕರಗಿದವು. ಎದ್ದು ಮನೆಗೆ ಹೋಗಿ ಬಾಗಿಲಲ್ಲಿ ಅಂಗಿ ಬಿಚ್ಚಿ ಕೊಟ್ಟು, ಬೈಗುಳಕ್ಕೆ ಕಿವಿಗೊಟ್ಟು ನಿಂತೆ.

ತಾಯಮ್ಮ ಅಂಗಿಯನ್ನು ಮುಖಕ್ಕೆ ಹಿಡಿದಳು. ತೆಗೆಯಲಿಲ್ಲ. ಆಮೇಲೆ ಅದನ್ನು ಬೇಲಿಗೆ ಹಾಕದೆ, ಕೈಯಲ್ಲಿ ಹಿಡಿದೇ ಒಳಗೆ ಹೋದಳು. ಏಳು ವರ್ಷದಲ್ಲಿ ಮೊದಲ ಸಲ ನನ್ನ ಸೇದಿದ ಅಂಗಿ ಹೊಸಿಲು ದಾಟಿತು. ಅಟ್ಟದ ಏಣಿ ಕಿರುಗುಟ್ಟಿದ್ದು ಕೇಳಿಸಿತು. ಮಡಕೆಯನ್ನು ಇಳಿಸಿ ತಂದು, ಉಳಿದಿದ್ದ ಅರ್ಧ ಅಚ್ಚನ್ನು ನನ್ನ ಮುಂದೆ ಇಟ್ಟಳು.

‘ಇದನ್ನೂ ತಕ್ಕೊಂಡೋಗಿ. ಅರ್ಧ ಯಾಕೆ ಉಳಿಸ್ಬೇಕು?’ ಎಂದಳು.

ಅಷ್ಟೇ. ಬಯ್ಯಲಿಲ್ಲ. ರಾಗಿಮುದ್ದೆ ತಿರುವಲು ಒಲೆಯ ಹತ್ತಿರ ಹೋದಳು. ನಾನು ಬರಿಮೈಯಲ್ಲಿ ಆ ಅರ್ಧ ಅಚ್ಚಿನ ಮುಂದೆ ಕುಳಿತಿದ್ದೆ. ಮಾರನೆಯ ಬೆಳಿಗ್ಗೆ ದೊರೆಗೆ ಕೊಡಲು ನನ್ನ ಹತ್ತಿರ ಒಂದು ಪದವೂ ಇರಲಿಲ್ಲ. ‘ಇದರ ವಿಷಯ ಹೇಳಲು ಮಾತಿಲ್ಲ’ ಎಂದು ಬರೆದು, ಪೈಪನ್ನೂ ಡಬ್ಬಿಯನ್ನೂ ಮೇಜಿನ ಮೇಲಿಟ್ಟು ಬಂದೆ. ದೊರೆ ಅದನ್ನು ಪರಮ ಪ್ರಶಂಸೆ ಎಂದು ತಿಳಿದು, ತಿಂಗಳು ತಿರುಗುವುದರೊಳಗೆ ನನ್ನನ್ನು ಹೆಡ್ ಗುಮಾಸ್ತನನ್ನಾಗಿ ಮಾಡಿದರು. ಆ ಸೊಪ್ಪನ್ನು ಸೇದಿದ ತೋಟದವರೆಲ್ಲ ಇನ್ನಷ್ಟು ಬೇಕೆಂದರು. ಮಾಡಲು ಸಾಹೇಬರಿಗೆ ಆ ಬೆಲ್ಲ ಇನ್ನೆಲ್ಲಿ ಸಿಗಬೇಕು? ಒಂದೆರಡು ವರ್ಷಕ್ಕೆ ದೊರೆ ತಮ್ಮ ದೇಶಕ್ಕೆ ಹೊರಟುಹೋದರು.

ನಾನು ಹೊಗೆ ಬಿಟ್ಟೆ. ತಾಯಮ್ಮ ನಂಬಲಿಲ್ಲ, ಒಂದು ವರ್ಷ ದಿನವೂ ಅಂಗಿ ಮೂಸಿದಳು. ಮುಂದಿನ ಯುಗಾದಿಯ ದಿನ ಆ ಅರ್ಧ ಅಚ್ಚಿನಿಂದ ಒಂದು ಚೂರು ಒಡೆದು, ಬೇವಿನೊಂದಿಗೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ನಾನು ಆ ಸಲ ಹಿತ್ತಲಿಗೆ ಹೋಗಲಿಲ್ಲ. ಚೂರು ಕರಗಿದ ಮೇಲೆ, ‘ಪಾಕ ಒಂಚೂರು ಮುಂದಕ್ಕೋಗದೆ. ಇಳಿಸು ಅನ್ನೋಕೆ ಅಪ್ಪನ ಅತ್ರ ಯಾರೂ ಇರ್ನಿಲ್ಲ’ ಎಂದಳು.

ಆದರೆ ವರದಿಯ ವಿಷಯವನ್ನು ನಾನು ಬಾಯಿ ಬಿಟ್ಟಿರಲಿಲ್ಲ. ಅದನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಈಗ ಇನ್ನೊಂದು ಯುದ್ಧ ಬಂದಿದೆ, ಹಾರನಹಳ್ಳಿಯ ಕಡೆ ಎಲ್ಲಿ ನೋಡಿದರೂ ಅದೇ ಅಮೆರಿಕಾ ಬೀಜದ ಹೊಗೆಸೊಪ್ಪು. ಮೊನ್ನೆ ಗಾಡಿ ತುಂಬ ಸೊಪ್ಪು ಮನೆಯ ಮುಂದೆ ಹೋದಾಗ, ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ತಾಯಮ್ಮ ತಲೆಯೆತ್ತದೆ, ‘ಇನ್ನೂ ಒಣಗಿಲ್ಲ’ ಎಂದಳು. ನನಗೆ ತಡೆಯಲಾಗಲಿಲ್ಲ. ಅವಳ ಬೈಗುಳವನ್ನೇ ಇಂಗ್ಲಿಷ್ ಮಾಡಿ ನನ್ನ ರುಜು ಹಾಕಿ ಕೊಟ್ಟದ್ದು, ಕೈ ಕುಲುಕಿಸಿಕೊಂಡದ್ದು, ಹೆಡ್ ಗುಮಾಸ್ತನಾದದ್ದು ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಮೊರ ಕೆಳಗಿಟ್ಟಳು. ಇಂಗ್ಲಿಷಿನಲ್ಲಿ ಏನೆಂದು ಬರೆದಿರಿ, ಹೇಳಿ ಎಂದಳು. ಮೊದಲು ಸುಟ್ಟ ಸಕ್ಕರೆ, ನಡುವೆ ಒಣಹುಲ್ಲು, ಕೊನೆಯಲ್ಲಿ ತುಸು ಹುಳಿಯಾದ ಹಣ್ಣು ಎಂದು ಒಪ್ಪಿಸಿದೆ.

‘ಅಷ್ಟೇಯಾ?’ ಎಂದಳು. ‘ಸಂತೆಮಾಳ ಎಲ್ಲೋಯ್ತು? ಅದನ್ನ ಬುಟ್ಟರೆ ಅದರಲ್ಲಿ ಇನ್ನೇನದೆ?’

ಅದಕ್ಕಾಗಿಯೇ ಇಷ್ಟನ್ನು ಬರೆದೆ. ಸಂತೆಮಾಳವನ್ನು ಅದರ ಜಾಗದಲ್ಲಿ ಇಟ್ಟಿದ್ದೇನೆ. ಬರೆದು ಮುಗಿಸಿ ಅವಳಿಗೆ ಓದಿ ಹೇಳಿದೆ. ತನ್ನ ಮಾತು ಬಂದ ಕಡೆಯೆಲ್ಲ ತಲೆಯಾಡಿಸಿದಳು. ನನ್ನ ಮಾತು ಬಂದ ಕಡೆ ಅಕ್ಕಿ ಆರಿಸಿದಳು. ಕೊನೆಗೆ, ನಾನು ಆಗತಾನೆ ರುಜು ಹಾಕಿದ ಕಾಗದವನ್ನು ಇಸಿದುಕೊಂಡು, ಹಳೆಯ ಅಭ್ಯಾಸದಿಂದ ಮೂಗಿನ ಹತ್ತಿರ ಹಿಡಿದು, ಕೆಳಗಿನ ತುದಿಯಲ್ಲಿ ಇನ್ನೂ ಒಣಗದ ಮಸಿಯ ಮೇಲೆ ಬೆರಳಿಟ್ಟು ಕೇಳಿದಳು.

‘ಇಲ್ಲಿ ಯಾರ ಹೆಸರು ಬರ್ದಿದ್ದೀರಿ?’

ನಾನು ಕನ್ನಡಕ ತೆಗೆದು ಒರೆಸತೊಡಗಿದೆ.