ಓಡಿಸಿದಷ್ಟೂ ಪೆಟ್ರೋಲ್ ತುಂಬುವ ಕಾರು

ಮನೆಯಲ್ಲಿದ್ದ ಟೇಪಿನ ಸುರುಳಿಯನ್ನೆಲ್ಲ ನಾನೇ ಖಾಲಿ ಮಾಡಿದೆ ಎಂದು ನನ್ನ ಹೆಂಡತಿ ಆರ್ಡಿಸ್ ಊರೆಲ್ಲ ಸಾರಿಕೊಂಡು ಬಂದಿದ್ದಾಳೆ. ನಿಜ, ಖಾಲಿ ಮಾಡಿದವನು ನಾನೇ. ಆದರೆ ಯಾವ ಘನಕಾರ್ಯಕ್ಕಾಗಿ ಮಾಡಿದೆ ಎಂಬುದನ್ನು ಅವಳು ಯಾರಿಗೂ ಹೇಳುವುದಿಲ್ಲ. ಆದ್ದರಿಂದ ನಾನೇ ಹೇಳಬೇಕಾಗಿದೆ.

ಮೊದಲು ಟೇಪಿನ ವಿಷಯ. ನಮ್ಮ ನೋರ್ಡಾಲ್ ಊರಿನಲ್ಲಿ ಚರ್ಚಿನ ನೆಲಮಾಳಿಗೆಯ ಊಟಕ್ಕೆ ಯಾರೇ ಏನೇ ಮಾಡಿಕೊಂಡು ಹೋದರೂ ಪಾತ್ರೆಯ ತಳಕ್ಕೆ ಕಾಗದದ ಟೇಪು ಅಂಟಿಸಿ ಹೆಸರು ಬರೆಯುತ್ತಾರೆ. ಇಲ್ಲದಿದ್ದರೆ ನಿಮ್ಮ ಪಾತ್ರೆ ಇನ್ನೊಬ್ಬರ ಮನೆಯಲ್ಲಿ ಸಂಸಾರ ಹೂಡಿಬಿಡುತ್ತದೆ. ಉಳಿದವರು ಬರೀ ಹೆಸರು ಬರೆದರೆ ಆರ್ಡಿಸ್ ಒಂದು ಸಾಲು ಹೆಚ್ಚೇ ಬರೆಯುತ್ತಾಳೆ: "ಆರ್ಡಿಸ್ ಟೊಲೆಫ್ಸನ್ ಅವರದ್ದು. ಖಾಲಿಯಾದ ಮೇಲೆ ವಾಪಸ್ ಕೊಡಿ." ಮೂವತ್ತು ವರ್ಷದಲ್ಲಿ ಅವಳ ಒಂದೇ ಒಂದು ಪಾತ್ರೆಯೂ ಕಳೆದಿಲ್ಲ. (ಕಳೆದರೆ ಚೆನ್ನಾಗಿತ್ತು ಎನ್ನಿಸುವ ಎರಡು ಪಾತ್ರೆಗಳಿವೆ. ಅವೂ ತಪ್ಪದೆ ವಾಪಸ್ ಬರುತ್ತವೆ.)

ಇನ್ನು ಕಾರಿನ ವಿಷಯ. ಅದು ನನ್ನ ದಿವಂಗತ ಮಾವನವರ ಸ್ಟೇಷನ್ ವ್ಯಾಗನ್. ಪಕ್ಕೆಗಳಿಗೆ ಮರದ ಹಲಗೆಯಂತೆ ಕಾಣುವ ಹಾಳೆ ಅಂಟಿಸಿದ, ನಮ್ಮ ಬೀದಿಯ ಎರಡು ಮನೆಗಳಷ್ಟು ಉದ್ದದ ವಾಹನ. ಅದರ ಕೊನೆಯ ಸೀಟು ಹಿಂದಕ್ಕೆ ಮುಖ ಮಾಡಿದೆ. ಆರ್ಡಿಸ್ ಚಿಕ್ಕವಳಿದ್ದಾಗ ಅಲ್ಲಿ ಕೂತು, ಹಿಂದೆ ಬರುವ ಲಾರಿಯವರಿಗೆಲ್ಲ ನಾಲಿಗೆ ತೋರಿಸುತ್ತಿದ್ದಳಂತೆ. ಎಂಜಿನ್ ಕಚ್ಚಿಕೊಂಡು ನಿಂತ ಮೇಲೆ ಅದು ಹನ್ನೆರಡು ವರ್ಷ ಅವಳ ತಮ್ಮ ಗೇಲನ್‌ನ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಆಶ್ರಯ ಕೊಟ್ಟಿತ್ತು.

ನಾನು ನಿವೃತ್ತನಾದ ವಾರವೇ ಅದನ್ನು ಮನೆಗೆ ಎಳೆಸಿಕೊಂಡು ಬಂದೆ. "ನಿಮ್ಮಪ್ಪನ ಕಾರನ್ನ ಓಡಿಸಿ ತೋರಿಸ್ತೀನಿ ನೋಡು. ಗುಜರಿಗೆ ಬಿದ್ದಿರೋ ಪಿಕಪ್‌ನ ಎಂಜಿನ್ ಕೂರಿಸಿದ್ರೆ ಮುಗೀತು" ಎಂದೆ.

"ಮುಗೀತು ಅನ್ನೋದೇನೋ ಗ್ಯಾರಂಟಿ. ಯಾವುದು ಅಂತ ನೋಡ್ಬೇಕು" ಎಂದಳು ಆರ್ಡಿಸ್.

ಎರಡು ಚಳಿಗಾಲ ಅವಳ ಕಾರು ಹೊರಗೆ ನಿಂತಿತು. ಪ್ರತಿದಿನ ಬೆಳಗ್ಗೆ ಅವಳು ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುವ ಸದ್ದನ್ನು ನಾನು ಗ್ಯಾರೇಜಿನ ಹೀಟರ್ ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ಆ ಕೆರೆತದಲ್ಲಿ ನನ್ನ ಹೆಸರೂ ಕೇಳಿಸುತ್ತಿತ್ತು.

ಎಂಜಿನ್ ಕೂರಿಸುವುದು ಕಷ್ಟವಾಗಲಿಲ್ಲ. ತಲೆ ತಿಂದದ್ದು ಅದಕ್ಕೆ ಪೆಟ್ರೋಲ್ ಉಣಿಸುವ ಏರ್ಪಾಡು. ಹಳೆಯ ಎಂಜಿನ್ ಪಾಪ, ಐದಾರು ಪೌಂಡ್ ಒತ್ತಡದಲ್ಲಿ ತೊಟ್ಟಿಕ್ಕಿದ್ದನ್ನೇ ಕುಡಿದು ಬಾಳುತ್ತಿತ್ತು. ಹೊಸದಕ್ಕೆ ಐವತ್ತೆಂಟು ಪೌಂಡ್ ಬೇಕು! ಹೀಗಾಗಿ ಆ ಪಿಕಪ್‌ನ ಟ್ಯಾಂಕನ್ನೇ ಪಂಪಿನ ಸಮೇತ ಕಿತ್ತು ತಂದು, ಕಾರಿನ ಹೊಟ್ಟೆಯಡಿ ಕೂರುವಂತೆ ಕಬ್ಬಿಣದ ಪಟ್ಟಿ ಬಗ್ಗಿಸಿದೆ. ಹೋಗುವ ಕೊಳವೆ, ಬರುವ ಕೊಳವೆ, ಕಸ ಸೋಸುವ ಫಿಲ್ಟರ್, ಒತ್ತಡ ಹಿಡಿದಿಡುವ ರೆಗ್ಯುಲೇಟರ್ ಎಲ್ಲವನ್ನೂ ಚರ್ಚಿನ ಊಟದ ಪಟ್ಟಿಯ ಹಿಂಬದಿಯಲ್ಲಿ ಚಿತ್ರಿಸಿದೆ. ಯಾವುದು ಹೋಗುವುದು, ಯಾವುದು ಬರುವುದು ಎಂದು ನನಗೇ ಗೊಂದಲವಾಗುತ್ತಿದ್ದುದರಿಂದ ಪ್ರತಿಯೊಂದು ಕೊಳವೆಗೂ ಆರ್ಡಿಸ್‌ಳ ಟೇಪು ಅಂಟಿಸಿ ಹೆಸರು, ಬಾಣ ಬರೆದೆ. ಆಮೇಲೆ ಬಾಣದ ಗುರುತು ಸುಳ್ಳಾಯಿತೆಂದು ಅದರ ಮೇಲೆ ಇನ್ನೊಂದು ಟೇಪು. ಅದೂ ಅನುಮಾನವಾಗಿ ಮತ್ತೊಂದು. ಕೊನೆಗೆ ಕೊಳವೆಗಳೆಲ್ಲ ಆಸ್ಪತ್ರೆಯಿಂದ ಬಂದವರಂತೆ ಕಾಣುತ್ತಿದ್ದವು.

"ಬರೋ ಕೊಳವೆ ಯಾಕೆ? ಬೇಡದ್ದನ್ನ ಕಳಿಸೋದೇ ಯಾಕೆ?" ಎಂದು ಕೇಳಿದಳು ಆರ್ಡಿಸ್. ಅವಳು ಮೂವತ್ತು ವರ್ಷ ಶಾಲೆಯಲ್ಲಿ ಮುನ್ನೂರು ಮಕ್ಕಳಿಗೆ ಅಡುಗೆ ಮಾಡಿ ಬಡಿಸಿದವಳು.

"ಚರ್ಚಲ್ಲಿ ಕಾಫಿ ಹಾಕ್ಕೊಂಡು ಬರಲ್ವಾ, ಹಾಗೆ. ಕಪ್ ಮೇಲೆ ಕೈ ಅಡ್ಡ ಇಡೋವರೆಗೂ ಸುರೀತಾನೇ ಇರ್ತಾರೆ. ಉಳಿದಿದ್ದು ಕೆಟಲ್‌ಗೆ ವಾಪಸ್."

"ಕೆಟಲ್‌ನಲ್ಲಿ ಎಷ್ಟಿದೆ ಅಂತ ಯಾರು ನೋಡ್ತಾರೆ?"

"ಅದಕ್ಕೆ ಡ್ಯಾಶ್‌ಬೋರ್ಡಲ್ಲಿ ಮುಳ್ಳಿದೆ ಕಣೇ!"

ಇಲ್ಲಿ ನನ್ನ ವೃತ್ತಿಯ ಬಗ್ಗೆ ಹೇಳಬೇಕು. ನಾನು ಮೂವತ್ತೊಂದು ವರ್ಷ ಊರಿನ ಧಾನ್ಯದ ಗೋದಾಮಿನಲ್ಲಿ ತೂಕದ ಯಂತ್ರದ ಮುಂದೆ ಕೂತವನು. ರೈತರು ಏನೇ ಹೇಳಲಿ, ಮುಳ್ಳು ಹೇಳಿದ್ದೇ ಕೊನೆಯ ಮಾತು. ಆರ್ಡಿಸ್ ಮಾತ್ರ ಯಾವ ಮುಳ್ಳನ್ನೂ ನಂಬುವುದಿಲ್ಲ, ಮುಚ್ಚಳ ತೆಗೆದು ಪಾತ್ರೆಯೊಳಗೆ ಇಣುಕುತ್ತಾಳೆ. ನಮ್ಮ ದಾಂಪತ್ಯದ ಜಗಳಗಳೆಲ್ಲ ಇದೊಂದರಿಂದಲೇ ಹುಟ್ಟಿದವು.

ಗೇಲನ್ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡೇ ತಲೆ ನರೆಸಿದವನು. ದಿನಾ ಕಾಫಿ ಹೊತ್ತಿಗೆ ಬಂದು ಬೋರಲು ಬಕೆಟ್ಟಿನ ಮೇಲೆ ಕೂರುತ್ತಿದ್ದ. ಕಾಫಿ ಕೊಟ್ಟರೆ "ಬೇಡ ಬಿಡು." ಎರಡನೇ ಸಲ ಕೇಳಿದರೆ "ಯಾಕೆ ಸುಮ್ನೆ ತೊಂದರೆ." ಮೂರನೇ ಸಲ ಕೇಳಿದ ಮೇಲೆ ಎರಡು ಕಪ್ಪು ಕಾಫಿ, ರುಬಾರ್ಬ್ ಎಂಬ ಹುಳಿದಂಟಿನ ಕೇಕು ನಾಲ್ಕು ತುಂಡು. ನಮ್ಮೂರಿನ ಮರ್ಯಾದೆಯೇ ಹಾಗೆ, ಮೊದಲ ಎರಡು 'ಬೇಡ' ಲೆಕ್ಕಕ್ಕಿಲ್ಲ.

"ಹೇಗಿದೆ ನನ್ನ ಇಂಧನ ಮಹಾಯೋಜನೆ?" ಎಂದು ಕೇಳಿದೆ.

ಗೇಲನ್ ಕಾರಿನಡಿಗೆ ಬಗ್ಗಿ ನೋಡಿದ. ಟ್ಯಾಂಕಿನಿಂದ ಡ್ಯಾಶ್‌ಬೋರ್ಡಿಗೆ ಹೋಗುವ ತಂತಿಯನ್ನು ಬೆರಳಿನಿಂದ ಸವರಿದ. "ಬೇರೆ ಥರ ಇದೆ" ಎಂದ.

"ಎಲ್ಲಾದರೂ ತಪ್ಪಿದೆಯೇನೋ?"

"ಏನಿಲ್ಲ ಬಿಡು ಭಾವ."

"ಇದ್ರೆ ಹೇಳು ಮಾರಾಯ."

"ನಿನ್ ಕಾರು, ನಾನೇನು ಹೇಳೋದು."

ನನಗೆ ಬಹಳ ಸಂತೋಷವಾಯಿತು. ಕಸಬು ಬಲ್ಲವನೇ ಒಪ್ಪಿದ ಮೇಲೆ ಇನ್ನೇನು?

ಮೇ ತಿಂಗಳಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಒಂದು, ಎಂಜಿನ್ ಚಾಲೂ ಆಯಿತು. ಇನ್ನೊಂದು, ಜೂನಿನ ರುಬಾರ್ಬ್ ಹಬ್ಬದ ಮೆರವಣಿಗೆಗೆ ಊರಿನವರು ಆರ್ಡಿಸ್‌ಳನ್ನೇ ಮುಖ್ಯ ಅತಿಥಿಯಾಗಿ ಆರಿಸಿದರು. ಅವಳು ಪತ್ರವನ್ನು ಎರಡು ಸಲ ಓದಿ, ಮಡಚಿ, ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ಗ್ಯಾರೇಜಿಗೆ ಬಂದಳು.

"ವೆಂಡೆಲ್, ಅಪ್ಪನ ಕಾರಲ್ಲೇ ಹೋಗ್ಬೇಕು ಅಂತ ಆಸೆ ನಂಗೆ. ಆ ಹಿಂದಿನ ಸೀಟಲ್ಲಿ. ಶಾಲೆಯಿಂದ ಚರ್ಚಿನವರೆಗೆ ಒಂದೇ ಒಂದು ಸಲ. ಆಗುತ್ತಾ?"

ಅವಳು ನನ್ನನ್ನು ಏನನ್ನಾದರೂ ಹೀಗೆ ಬಾಯಿಬಿಟ್ಟು ಕೇಳಿದ್ದು ಮೂವತ್ತೆಂಟು ವರ್ಷದ ದಾಂಪತ್ಯದಲ್ಲಿ ಅದೇ ಮೊದಲು. "ಆಗದೆ ಏನು!" ಎಂದೆ.

ರಸ್ತೆಯಲ್ಲಿ ಓಡಿಸಿ ನೋಡಲೆಂದು ಮೂರೇ ಮೂರು ಗ್ಯಾಲನ್ ಪೆಟ್ರೋಲ್ ಸುರಿದೆ. ಡ್ಯಾಶ್‌ಬೋರ್ಡಿನ ಮುಳ್ಳು 'ಭರ್ತಿ'ಯ ಹತ್ತಿರ ಹೋಗಿ ನಿಂತಿತು. ಹದಿನಾರು ಗ್ಯಾಲನ್ ಹಿಡಿಯುವ ಟ್ಯಾಂಕು! ತಲೆ ಕೆರೆದುಕೊಂಡೆ. ಅಂಚೆ ಕಚೇರಿಯವರೆಗೆ ಹೋಗಿ ಬಂದೆ. ಮುಳ್ಳು ಇನ್ನೊಂದು ಕೂದಲೆಳೆ ಮೇಲೇರಿತ್ತು. ಸರೋವರದವರೆಗೆ ಹೋಗಿ ಬಂದೆ. ಮುಳ್ಳು 'ಭರ್ತಿ'ಗೆ ಅಂಟಿಕೊಂಡಿತ್ತು. ಕಾರು ಓಡಿಸಿದಷ್ಟೂ ಪೆಟ್ರೋಲ್ ಹೆಚ್ಚುತ್ತಿದೆ!

ಮೂರು ದಿನ ಊಟ ರುಚಿಸಲಿಲ್ಲ. ಮತ್ತೆ ಆ ಚಿತ್ರ ಬಿಡಿಸಿ ಕೂತೆ. ಕೊನೆಗೆ ತಲೆಯಲ್ಲಿ ಬೆಳಕು ಮೂಡಿತು: ಬರುವ ಕೊಳವೆ! ನನ್ನ ವಿನ್ಯಾಸ ಎಷ್ಟು ಬಿಗಿಯಾಗಿದೆಯೆಂದರೆ ಹೋದದ್ದೆಲ್ಲ ಬಹುಪಾಲು ವಾಪಸ್ ಬರುತ್ತಿದೆ, ಬರುವಾಗ ಬಿಸಿಯಾಗಿ ಉಬ್ಬಿಕೊಂಡು ಬರುತ್ತಿದೆ. ಭಾನುವಾರ ಚರ್ಚಿನ ಕಾಫಿಯ ಹೊತ್ತಿನಲ್ಲಿ ಈ ಸಿದ್ಧಾಂತವನ್ನು ಮಂಡಿಸಿದೆ. ಎಲ್ಲರೂ ಗೌರವದಿಂದ ಕೇಳಿ, "ಬೇರೆ ಥರ ಇದೆ" ಎಂದರು. ಪಾದ್ರಿಗಳು ನನ್ನ ಭುಜದ ಮೇಲೆ ಕೈಯಿಟ್ಟು, ಮನೆಯಲ್ಲಿ ಎಲ್ಲ ಆರಾಮ ತಾನೇ ಎಂದು ವಿಚಾರಿಸಿದರು.

ಮೆರವಣಿಗೆಯ ಬೆಳಗ್ಗೆ ಆರ್ಡಿಸ್ ನೀಲಿ ಉಡುಪು ಹಾಕಿ, ತಲೆ ಬಾಚಿ, ಎದೆಗೆ ಮುಖ್ಯ ಅತಿಥಿಯ ಪಟ್ಟಿ ಇಳಿಬಿಟ್ಟು ಬಂದಳು. "ಪೆಟ್ರೋಲ್ ಹಾಕಿಸಿದ್ಯಾ?"

"ಭರ್ತಿ ಇದೆ."

"ಮೂರು ಗ್ಯಾಲನ್ ಹಾಕಿ ಎರಡು ವಾರ ಆಯ್ತು. ಒಳಗೆ ಇಣುಕಿ ನೋಡಿದ್ಯಾ?"

"ಆರ್ಡಿಸ್, ಇದು ಸಾರಿನ ಪಾತ್ರೆ ಅಲ್ಲ!"

ಅವಳು ಮೂರನೇ ಸಲ ಕೇಳಲಿಲ್ಲ. ಫೋನ್ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಮೆರವಣಿಗೆ ಹೊರಟಿತು. ಹಿಂದಿನ ಸೀಟಿನಲ್ಲಿ ಕೂತು ಆರ್ಡಿಸ್ ಕೈಬೀಸುತ್ತಿದ್ದಳು. ಅವಳ ಕೈಯಲ್ಲಿ ಉಂಡು ಬೆಳೆದವರು ಎರಡೂ ಬದಿಯಲ್ಲಿ ಮಡಚುವ ಕುರ್ಚಿಗಳಿಂದ ಎದ್ದು ನಿಂತು ಅವಳ ಹೆಸರು ಕೂಗುತ್ತಿದ್ದರು. ನಮ್ಮ ಹಿಂದೆ ಶಾಲೆಯ ಬ್ಯಾಂಡು, ಅದರ ಹಿಂದೆ ಅಗ್ನಿಶಾಮಕ ದಳ. ಕನ್ನಡಿಯಲ್ಲಿ ನೋಡಿದರೆ ಕಾರಿಗೂ ಬ್ಯಾಂಡಿಗೂ ನಡುವೆ ಗೇಲನ್ ಒಬ್ಬನೇ ನಡೆದು ಬರುತ್ತಿದ್ದಾನೆ. ಕೈಯಲ್ಲಿ ಅಡುಗೆಮನೆಯ ಟವೆಲ್ ಸುತ್ತಿದ ಏನೋ ಭಾರದ ವಸ್ತು. ಚರ್ಚಿನ ಊಟಕ್ಕೆ ಬಿಸಿ ಪಾತ್ರೆ ಒಯ್ಯುತ್ತಿದ್ದಾನೆ ಎಂದುಕೊಂಡೆ.

ಬ್ಯಾಂಕಿನ ಮುಂದೆ ಎಂಜಿನ್ ಎರಡು ಸಲ ಬಿಕ್ಕಳಿಸಿ ನಿಂತಿತು.

ಇಳಿದು ಬಾನೆಟ್ ಎತ್ತಿದೆ. ಬ್ಯಾಂಡಿನವರು ನಿಂತಲ್ಲೇ ಹೆಜ್ಜೆ ಹಾಕುತ್ತ ಅದೇ ಹಾಡನ್ನು ಮತ್ತೆ ಮೊದಲಿನಿಂದ ಶುರುಮಾಡಿದರು. ನಾನು ನೆರೆದವರಿಗೆ ಒತ್ತಡದ ವಿಷಯ ವಿವರಿಸಿದೆ. ರೆಗ್ಯುಲೇಟರನ್ನು ತಟ್ಟಿದೆ. ಹೋಗುವ ಕೊಳವೆಯ ಟೇಪನ್ನೂ ಬರುವ ಕೊಳವೆಯ ಟೇಪನ್ನೂ ಒಂದೊಂದಾಗಿ ಓದಿದೆ. ಏನೂ ತಿಳಿಯಲಿಲ್ಲ. ಹಾಡು ನಾಲ್ಕನೇ ಸಲ ಮುಗಿಯಿತು.

"ವೆಂಡೆಲ್! ಪೆಟ್ರೋಲ್ ಇದೆಯಾ?" ಹಿಂದಿನಿಂದ ಆರ್ಡಿಸ್ ಕೂಗಿದಳು. ಅವಳ ಧ್ವನಿ ನಡುಗುತ್ತಿತ್ತು.

"ಬಂದು ನೋಡು, ಮುಳ್ಳು ಭರ್ತಿ ತೋರಿಸ್ತಿದೆ!"

ಅಷ್ಟರಲ್ಲಿ ಗೇಲನ್ ಟವೆಲ್ ಬಿಚ್ಚಿದ. ಒಳಗಿದ್ದದ್ದು ಐದು ಗ್ಯಾಲನ್ನಿನ ಕೆಂಪು ಕ್ಯಾನು. ಅದನ್ನು ಟ್ಯಾಂಕಿಗೆ ಸುರಿಯತೊಡಗಿದ. ನಾನು ಕೀಲಿ ತಿರುಗಿಸಿ ಮುಳ್ಳು ನೋಡಿದೆ. ಅವನು ಸುರಿದಷ್ಟೂ ಮುಳ್ಳು ಇಳಿಯುತ್ತಿದೆ! 'ಭರ್ತಿ'ಯಿಂದ ಕೆಳಗೆ, ಇನ್ನೂ ಕೆಳಗೆ...

"ಸೋರ್ತಿದೆ! ಪೆಟ್ರೋಲ್ ಸೋರ್ತಿದೆ! ಓಡಿ!" ಎಂದು ಅರಚಿ ಕಾರಿನಡಿಗೆ ನುಗ್ಗಿದೆ.

ಡೋಲು ಒಂದು ಕಡೆ, ತುತ್ತೂರಿ ಒಂದು ಕಡೆ ಉರುಳಿತು. ನಮ್ಮ ಅಗ್ನಿಶಾಮಕ ದಳಕ್ಕೆ ಆರು ವರ್ಷದಿಂದ ಒಂದು ಬೆಂಕಿಯೂ ಸಿಕ್ಕಿರಲಿಲ್ಲ. ಅವರು ಈ ಅವಕಾಶ ಬಿಡುತ್ತಾರೆಯೇ? ಕ್ಷಣಾರ್ಧದಲ್ಲಿ ಪೈಪು ಬಿಚ್ಚಿ, ಕಾರಿನಡಿಗೆ ಗುರಿಯಿಟ್ಟು ನೀರು ಬಿಟ್ಟರು. ಕಾರಿನಡಿಯಲ್ಲಿ ಇದ್ದದ್ದು ನಾನೊಬ್ಬನೇ. ಆರ್ಡಿಸ್ ಕಿಟಕಿಯ ಗಾಜು ಏರಿಸಿಕೊಂಡು ಒಳಗೆ ಬೆಚ್ಚಗೆ ಕೂತಿದ್ದಳು.

ನೀರು ನಿಂತ ಮೇಲೆ ಗೇಲನ್ ನನ್ನನ್ನು ಕಾಲು ಹಿಡಿದು ಹೊರಗೆಳೆದ. ತನ್ನ ಒಣ ಜಾಕೆಟ್ ಬಿಚ್ಚಿ ನನಗೆ ತೊಡಿಸಿದ.

"ಸೋರ್ತಿಲ್ಲ ಭಾವ. ಟ್ಯಾಂಕು ಒಂದು ಕಂಪನೀದು, ಮುಳ್ಳು ಇನ್ನೊಂದು ಕಂಪನೀದು. ಇಬ್ಬರ ಲೆಕ್ಕ ಉಲ್ಟಾ. ಟ್ಯಾಂಕು ಖಾಲಿ ಅಂದ್ರೆ ಈ ಮುಳ್ಳು ಭರ್ತಿ ತೋರಿಸುತ್ತೆ. ತುಂಬಿದ್ರೆ ಖಾಲಿ ತೋರಿಸುತ್ತೆ."

"ನಿಂಗೆ ಯಾವಾಗ ಗೊತ್ತಾಯ್ತು?"

"ಅವತ್ತು ಆ ತಂತಿ ನೋಡ್ದಾಗ್ಲೇ."

"ಮತ್ತೆ ಯಾಕೋ ಹೇಳ್ಲಿಲ್ಲ, ಪುಣ್ಯಾತ್ಮ!"

ಗೇಲನ್‌ಗೆ ನಿಜವಾಗಿಯೂ ನೋವಾದಂತೆ ಕಂಡಿತು. "ನೀನು ಎರಡೇ ಸಲ ಕೇಳಿ ಬಿಟ್ಬಿಟ್ಟೆ ಭಾವ. ಮೂರನೇ ಸಲ ಕೇಳಿದ್ರೆ ಹೇಳ್ತಿದ್ದೆ."

ಸುತ್ತ ನಿಂತವರೆಲ್ಲ ಹೌದೆಂದು ತಲೆಯಾಡಿಸಿದರು. ನನ್ನ ತಲೆಯೂ ಆಡಿತು. ನಾನೂ ಇದೇ ಊರಲ್ಲಿ ಹುಟ್ಟಿದವನು.

ಆರ್ಡಿಸ್ ಇಳಿದು ಮುಂದೆ ಬಂದಳು. ಕೈಚೀಲದಿಂದ ಹೊಚ್ಚಹೊಸ ಟೇಪಿನ ಸುರುಳಿ ತೆಗೆದಳು. (ಇದನ್ನು ನನ್ನಿಂದ ಮುಚ್ಚಿಟ್ಟಿದ್ದಳು!) ಎರಡು ಚೂರು ಹರಿದು, 'ಭರ್ತಿ' ಇದ್ದಲ್ಲಿ 'ಖಾಲಿ', 'ಖಾಲಿ' ಇದ್ದಲ್ಲಿ 'ಭರ್ತಿ' ಎಂದು ಬರೆದು ಅಂಟಿಸಿದಳು. ನಾನು ಎರಡು ಚಳಿಗಾಲ ಟೇಪು ಸುತ್ತಿಯೂ ಸರಿಮಾಡಲಾಗದ್ದನ್ನು ಎರಡು ಅಂಗುಲ ಟೇಪಿನಲ್ಲಿ ಮುಗಿಸಿದಳು. ಆಮೇಲೆ ತಾನೇ ಸ್ಟಿಯರಿಂಗ್ ಮುಂದೆ ಕೂತು, ಕೀಲಿ ತಿರುಗಿಸಿದಳು. ಎಂಜಿನ್ ಗುರುಗುಟ್ಟಿ ಎದ್ದಿತು. ಅವಳು ಸ್ಟಿಯರಿಂಗನ್ನು ಒಂದು ಸಲ ಸವರಿದಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. "ಹಿಂದಿನ ಸೀಟಿಗಿಂತ ಅಪ್ಪನ ಸೀಟೇ ಚೆನ್ನಾಗಿದೆ" ಎಂದಳು.

"ನಾನು?" ಎಂದೆ.

"ನೀರು ಸೋರ್ಕೊಂಡು ಸೀಟ್ ಹಾಳ್ಮಾಡ್ಬೇಡ. ಕ್ಯಾನ್ ಹಿಡ್ಕೊಂಡು ಹಿಂದೆ ನಡ್ಕೊಂಡು ಬಾ" ಎಂದವಳು, ಕಿಟಕಿಯಿಂದ ಕೈ ಚಾಚಿ ನನ್ನ ಬೆನ್ನನ್ನು ಗಟ್ಟಿಯಾಗಿ ಎರಡು ಸಲ ತಟ್ಟಿದಳು. ಇಷ್ಟೆಲ್ಲ ಆದ ಮೇಲೂ ಹೆಂಡತಿ ಬೆನ್ನು ತಟ್ಟುತ್ತಾಳೆಂದರೆ ಸಾಮಾನ್ಯವೇ? ನನ್ನ ಮನಸ್ಸು ತುಂಬಿಬಂತು.

ಖಾಲಿ ಕ್ಯಾನು ಹಿಡಿದು ಹಿಂದೆ ನಡೆದೆ. ನಾನು ದಾಟಿ ಮುಂದೆ ಹೋದಂತೆಲ್ಲ ಹಿಂದೆ ಜನ ಎದ್ದು ಚಪ್ಪಾಳೆ ತಟ್ಟುತ್ತಿದ್ದರು, ಶಿಳ್ಳೆ ಹಾಕುತ್ತಿದ್ದರು. ಪರವಾಗಿಲ್ಲ, ಶ್ರಮಕ್ಕೆ ಬೆಲೆ ಕೊಡುವ ಜನ ಎಂದು ನಾನೂ ಕೈ ಬೀಸಿದೆ.

ಚರ್ಚಿನ ನೆಲಮಾಳಿಗೆಗೆ ಇಳಿದೆ. ಊಟದ ಉಸ್ತುವಾರಿಯ ಹೆಂಗಸು ನನ್ನನ್ನು ಒಂದು ಸುತ್ತು ತಿರುಗಿಸಿ ನೋಡಿದಳು. ತೋಳು ಹಿಡಿದು, ತೊಳೆದ ಪಾತ್ರೆಗಳನ್ನು ಜೋಡಿಸುವ ಮೇಜಿನ ಹತ್ತಿರ ಕರೆದೊಯ್ದು, ಆರ್ಡಿಸ್‌ಳ ಆ ಎರಡು ಪಾತ್ರೆಗಳ ಪಕ್ಕ ನಿಲ್ಲಿಸಿದಳು. ನನಗೆ ಏನೂ ಅರ್ಥವಾಗಲಿಲ್ಲ. ಜಾಕೆಟ್ ಬಿಚ್ಚಿ ಗೇಲನ್‌ಗೆ ಕೊಡುವಾಗಲಷ್ಟೇ ಅದರ ಬೆನ್ನಿಗೆ ಅಂಟಿಸಿದ್ದ ಟೇಪು ಕಂಡಿತು: "ಆರ್ಡಿಸ್ ಟೊಲೆಫ್ಸನ್ ಅವರದ್ದು. ಖಾಲಿ ಇದೆ. ವಾಪಸ್ ಕೊಡಿ."