ಗೂಬೆಯ ಒಪ್ಪಿಗೆ

"ಕೇಳದೆ ತಗೊಂಡ್ರೆ ಅದಕ್ಕೆ ಏನಂತಾರೆ ಅಂತ ನಾನು ಬೇರೆ ಹೇಳ್ಬೇಕಾ," ಅಂದರು ಸ್ಕ್ರೂ ಮಾವ, ಮೌನಿಯ ಡಬ್ಬಿಯಿಂದ ಎರಡನೆಯ ಬಿಸ್ಕತ್ತು ತೆಗೆಯುತ್ತ.

ಮೌನಿ ಕನ್ನಡಕದ ಅಂಗಡಿಯಲ್ಲಿ ಲೆನ್ಸು ಉಜ್ಜುವವನು. ಅವನು ನಾಲ್ಕು ಮಾತು ಹೆಚ್ಚು ಆಡಿದರೆ ಜ್ವರ ಬಂದಿದೆಯೇನೋ ಅಂತ ಹಣೆ ಮುಟ್ಟಿ ನೋಡುತ್ತಿದ್ದರು. ಸ್ಕ್ರೂ ಮಾವ ಅಲ್ಲೇ ಫ್ರೇಮು ಜೋಡಿಸುವವರು. ಯಾರಿಗೂ ಮಾವನಲ್ಲ, ಬುದ್ಧಿ ಹೇಳುವುದರಲ್ಲಿ ಮಾತ್ರ ಊರಿಗೆಲ್ಲ ಮಾವ.

ತಾಪತ್ರಯದ ಮೂಲ ಒಂದು ಬಸ್ಸು. ಅದೂ ಕಂಪ್ಯೂಟರಿನಲ್ಲಿ ಓಡಿಸುವ ಆಟದ ಬಸ್ಸು. ಇಂಥ ಆಟಕ್ಕೆ ಆಡುವವರೇ ಹೊಲಿದು ಸೇರಿಸುವ ತೇಪೆಗೆ 'ಮಾಡ್' ಅನ್ನುತ್ತಾರೆ. 'ರಾತ್ರಿಗೂಬೆ' ಎಂಬ ಅಡ್ಡಹೆಸರಿನವರು ಯಾರೋ ಖಾಲಿ ಬಸ್ಸಿಗೆ ಪ್ರಯಾಣಿಕರನ್ನು ಹತ್ತಿಸುವ ಮಾಡ್ ಶುರುಮಾಡಿ, ಅರ್ಧಕ್ಕೇ ಕೈಬಿಟ್ಟು ಮಾಯವಾಗಿದ್ದರು. ಪ್ರಯಾಣಿಕರು ಹತ್ತುತ್ತಿದ್ದರು, ಆಲೂಗಡ್ಡೆ ಮೂಟೆಗಳ ಹಾಗೆ ಕೂರುತ್ತಿದ್ದರು, ಇಳಿಯುತ್ತಲೇ ಇರಲಿಲ್ಲ. ಮೌನಿ ವರ್ಷವಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವರನ್ನು ಇಳಿಸಿದ, ಸೀಟಿಗಾಗಿ ಜಗಳವಾಡಿಸಿದ, ಬಾಯಿಗೆ ಮಾತು ಕೊಟ್ಟ. ಮಾಡ್‌ಗಳನ್ನು ಹಂಚುವ ತಾಣದಲ್ಲಿ ಹಾಕಿದ್ದೇ ತಡ, ಜನ ಮುಗಿಬಿದ್ದರು. ಜೀವಮಾನದಲ್ಲಿ ಮೊದಲ ಸಲ ಯಾರೋ ಅವನನ್ನು 'ಗುರುಗಳೇ' ಅಂದರು.

ಈ ಬೆಳಿಗ್ಗೆ ತಾಣದವರಿಂದ ಸೂಚನೆ ಬಂದಿತ್ತು: ಮೂಲ ಮಾಡ್ ಮಾಡಿದವರ ಒಪ್ಪಿಗೆಯನ್ನು ಸಂಜೆಯೊಳಗೆ ತೋರಿಸದಿದ್ದರೆ ಕಿತ್ತುಹಾಕುತ್ತೇವೆ. ಮೌನಿ ಅದನ್ನು ಮಾವನಿಗೆ ತೋರಿಸಿದ್ದೇ ಈ ಬುದ್ಧಿಮಾತಿಗೆ ಕಾರಣ.

"ಗೂಬೆ ಹೆಸರು ಹಾಕಿದ್ದೀನಲ್ಲ ಮಾವ," ಅಂದ.

ಕ್ಯಾಷಿಯರ್ ಅಕ್ಕ ಫೋನು ಕಿತ್ತುಕೊಂಡು ಭೂತಗನ್ನಡಿ ಹಿಡಿದಳು. "ಇದು ಹೆಸರಾ? ಇರುವೆ ಸತ್ತು ಬಿದ್ದಿದೆ ಅಂದ್ಕೊಂಡೆ."

ಗೂಬೆಯ ಹಳೆಯ ವಿಳಾಸಕ್ಕೆ ಸಂದೇಶ ಬರೆಯುವುದೆಂದಾಯಿತು. ಮಾವ 'ಪೂಜ್ಯರಲ್ಲಿ ವಿಜ್ಞಾಪನೆ' ಎಂದು ಶುರುಮಾಡಿಸಿದರು. ಅಕ್ಕ ಅಳಿಸಿ 'ಹಲೋ' ಅನ್ನಿಸಿದಳು. ಗದರಲು ಒಳಗಿನಿಂದ ಬಂದ ಅಂಗಡಿಯ ಯಜಮಾನಿ, ಒಂದು ವಾಕ್ಯ ತಿದ್ದಿ, ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಕೊನೆಗೆ ಕೆಳಗೆ ಮೌನಿಯ ಫೋನ್ ನಂಬರು ಹಾಕಿ ಕಳಿಸಿದ್ದಾಯಿತು.

ಈ ಗಲಾಟೆಯಲ್ಲಿ ಮೌನಿ ಬಲಗಣ್ಣಿನ ಲೆನ್ಸನ್ನು ಎಡಗಣ್ಣಿಗೆ ಉಜ್ಜಿದ್ದ. ಅದನ್ನು ಹಾಕಿಕೊಂಡ ಗಿರಾಕಿಗೆ ಎರಡು ಬಾಗಿಲು ಕಂಡವು. ಆತ ಇಲ್ಲದ್ದನ್ನು ಆರಿಸಿಕೊಂಡು ಗೋಡೆಗೆ ಹಾಯ್ದ. ಹೊಸ ಲೆನ್ಸು ಸಿಗುವವರೆಗೆ ಕದಲುವುದಿಲ್ಲವೆಂದು, ಬರೀ ಫ್ರೇಮನ್ನು ಮೂಗಿನ ಮೇಲೇರಿಸಿಕೊಂಡು ಮೂಲೆಯಲ್ಲಿ ಕೂತ.

ಮಧ್ಯಾಹ್ನವಾದರೂ ಉತ್ತರವಿಲ್ಲ. ಅಕ್ಕನಿಗೆ ತಾಳ್ಮೆ ಕೆಟ್ಟಿತು. ಮೌನಿಯ ಹೆಸರಿನಲ್ಲೇ ಎಲ್ಲರಿಗೂ ಕಾಣುವಂತೆ, ರಾತ್ರಿಗೂಬೆಯವರು ಬದುಕಿದ್ದಾರೋ ಇಲ್ಲವೋ, ಗೊತ್ತಿದ್ದವರು ತಿಳಿಸಿ ಎಂದು ಬರೆದಳು. ಪೂರ್ತಿ ಓದುವ ಅಭ್ಯಾಸ ಯಾರಿಗಿದೆ? ಊಟದ ಡಬ್ಬಿ ತೊಳೆದು ಬರುವಷ್ಟರಲ್ಲಿ ತಾಣದ ತುಂಬ ಸಂತಾಪ. ಒಬ್ಬರು ಬಸ್ಸಿಗೆ ಕಪ್ಪು ಪಟ್ಟಿ ಕಟ್ಟಿದರು. ಇನ್ನೊಬ್ಬರು ಗೂಬೆಯ ಜೊತೆ ತಾನು ಕಳೆದ ಕೊನೆಯ ದಿನಗಳನ್ನೇ ನೆನೆದುಕೊಂಡರು.

ಆಗ ಫೋನು ಹೊಡೆದುಕೊಂಡಿತು. ಅಕ್ಕ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಒತ್ತಿದಳು.

"ನಾನು ಸತ್ತಿಲ್ಲ ಕಣಪ್ಪಾ," ಅಂದಿತು ಒಂದು ಹೆಂಗಸಿನ ಧ್ವನಿ, ಹಿಂದೆ ಮಕ್ಕಳ ಅಳು. "ಅವಳಿ ಹುಟ್ಟಿದ್ವು, ಅಷ್ಟೆ."

ಮೌನಿ ಕ್ಷಮೆ ಕೇಳಿ ಮುಗಿಸುವ ಮುಂಚೆಯೇ ಆಕೆ ಧಾರಾಳವಾಗಿ ಒಪ್ಪಿದಳು. ತನ್ನ ಹೆಸರು ಒಂಚೂರು ದಪ್ಪ ಮಾಡಿದರೆ ಸಾಕು, ತಾಣದವರಿಗೆ ಈಗಲೇ ಬರೆಯುತ್ತೇನೆ ಅಂದಳು. ಮಾವ ಮೌನಿಯ ಬೆನ್ನು ತಟ್ಟಿದರು. ಯಜಮಾನಿಯ ಮುಖದಲ್ಲೂ ನಗು.

"ಅಂದಹಾಗೆ, ಆ ಪ್ರಯಾಣಿಕರ ಧ್ವನಿ," ಅಂದಳು ಗೂಬೆ. "ಅಂಥ ನಟರನ್ನ ಎಲ್ಲಿ ಹಿಡಿದೆ? ಟಿಕೆಟ್ ತಗೊಳ್ದೆ ಗೊರಕೆ ಹೊಡೆಯೋ ಆ ಮುದುಕಪ್ಪ ಇದಾನಲ್ಲ, ಏನು ಕಲಾವಿದ! ನನ್ನ ಹೆಸರು ಇರ್ಲಿ, ಮೊದಲು ಅವರ ಹೆಸರು ಹಾಕು."

ಮೌನಿಯ ಕಿವಿ ಕೆಂಪಾಯಿತು. ತಾನು ಮಾತಾಡದವನು ಪ್ರಯಾಣಿಕರಿಗೆ ಎಲ್ಲಿಂದ ಮಾತು ತಂದಾನು? ಉಜ್ಜುವ ಚಕ್ರದ ಪಕ್ಕ ಫೋನನ್ನು ರೆಕಾರ್ಡಿಂಗ್‌ಗೆ ಇಟ್ಟುಕೊಂಡು, ದಿನವಿಡೀ ಅಂಗಡಿಯಲ್ಲಿ ಹರಿಯುವ ಮಾತನ್ನೇ ಮೊಗೆದುಕೊಂಡಿದ್ದ. ಹರಿಯುವ ನೀರಿಗೆ ಯಾರ ಅಪ್ಪಣೆ ಅಂದುಕೊಂಡಿದ್ದ.

"ಹಾಕಪ್ಪಾ, ಕೇಳೋಣ," ಅಂದರು ಮಾವ ಉತ್ಸಾಹದಿಂದ.

ಅಕ್ಕ ಕೌಂಟರಿನ ಕಂಪ್ಯೂಟರಿನಲ್ಲಿ ಬಸ್ಸು ಹೊರಡಿಸಿಯೇಬಿಟ್ಟಳು. ಹಿಂದಿನ ಸೀಟಿನಿಂದ ಮಾವನ ಗೊರಕೆ ಬಂತು. ಮಾವ ಬಾಯಲ್ಲಿದ್ದ ಬಿಸ್ಕತ್ತು ನುಂಗಲು ಮರೆತರು. ಮುಂದಿನ ನಿಲ್ದಾಣದಲ್ಲಿ ಅಕ್ಕ ಹತ್ತಿ, ಗಂಡನನ್ನು ಫೋನಿನಲ್ಲಿ ಬೈಯುತ್ತ ಕಿಟಕಿ ಸೀಟು ಹಿಡಿದಳು. ಅದರ ಮುಂದಿನದರಲ್ಲಿ ಕೈಚೀಲದ ಹೆಂಗಸೊಬ್ಬಳು ಹತ್ತಿ, ಪಕ್ಕದವಳ ಕಿವಿಯಲ್ಲಿ ಯಜಮಾನಿಯ ಧ್ವನಿಯಲ್ಲಿ ಪಿಸುಗುಟ್ಟಿದಳು:

"ಆ ಮುಖಕ್ಕೆ ಯಾವ ಫ್ರೇಮ್ ಹಾಕಿದ್ರೂ ಅಷ್ಟೇ. ಚೆನ್ನಾಗಿದೆ ಅಂದು ಕಳಿಸಿಬಿಡು."

ಯಜಮಾನಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

"ತೆಗಿ," ಅಂದರು ಯಜಮಾನಿ. "ಈಗ್ಲೇ."

ಮೌನಿ ತನ್ನ ಕೈಯಾರೆ ಮಾಡ್ ಅನ್ನು ತಾಣದಿಂದ ಅಳಿಸಿದ. ಬೆರಳು ಇನ್ನೂ ಗುಂಡಿಯ ಮೇಲಿರುವಾಗಲೇ ಸೂಚನೆ ಬಂತು: ಒಪ್ಪಿಗೆ ತಲುಪಿದೆ, ನಿಮ್ಮ ಮಾಡ್ ಉಳಿಸಿಕೊಳ್ಳಬಹುದು.

"ಏನಂತೆ?" ಅಂದಿತು ಇನ್ನೂ ಕಡಿಯದ ಫೋನು.

"ಏನಿಲ್ಲಮ್ಮಾ," ಅಂದ ಮೌನಿ.

ಮೂಲೆಯಲ್ಲಿದ್ದ ಗಿರಾಕಿ ಎದ್ದು ಬಂದ. ಲೆನ್ಸಿಲ್ಲದ ಫ್ರೇಮನ್ನು ಮೂಗಿನಿಂದ ಮೆಲ್ಲನೆ ತೆಗೆದು, ಕಡ್ಡಿಗಳನ್ನು ಮಡಿಸಿ, ಯಜಮಾನಿಯ ಮುಂದಿಟ್ಟು, ಬಾಗಿಲು ಇದ್ದಲ್ಲಿಗೇ ಸರಿಯಾಗಿ ನಡೆದು ಹೊರಗೆ ಹೋದ.