ಹನ್ನೆರಡು ಗಂಟೆ ಜಗ್ಗದ ಕಾಡಿಗೆ

ಅಲಂಕಾರದ ಡಬ್ಬಿಗಳ ಮೇಲೆ ಅಚ್ಚು ಹಾಕಿಸುವ ಸುಳ್ಳುಗಳನ್ನೆಲ್ಲ ಒಂದೇ ದಿನದಲ್ಲಿ, ನನ್ನ ಸ್ವಂತ ಮುಖದ ಮೇಲೆ, ಸಾಕ್ಷಿಸಮೇತ ಬಯಲು ಮಾಡಿಬಿಡುತ್ತೇನೆ ಎಂದು ನಾನು ತೀರ್ಮಾನಿಸಿದ್ದು ಒಂದು ಗುರುವಾರ. ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವಳು ನಾನು. ಸಕ್ಕರೆ ಕಾರ್ಖಾನೆಯ ಕಾಕಂಬಿಯ ಮೇಲೆ ಪಿಎಚ್.ಡಿ. ಮಾಡಿದವಳಿಗೆ ಕಣ್ಣಿನ ಕಾಡಿಗೆ ಯಾವ ಲೆಕ್ಕ!

ಈ ಪ್ರತಿಜ್ಞೆಗೆ ಕಾರಣ ನನ್ನ ಮಗಳ ಮಗಳು ನಾಗಶ್ರೀ. ಬಿ.ಎಸ್ಸಿ. ಮುಗಿಸಿ ಗುತ್ತಲಿನ ನಮ್ಮ ಮನೆಯಲ್ಲೇ ಇದ್ದಾಳೆ. ರಸಾಯನಶಾಸ್ತ್ರದಲ್ಲಿ ನೂರಕ್ಕೆ ತೊಂಬತ್ತೊಂದು. ಎಂ.ಎಸ್ಸಿ.ಗೆ ಓದಲಿ ಎಂದು ನನ್ನ ಪುಸ್ತಕದ ಬೀರುವಿನಲ್ಲಿ ಒಂದು ಅಂಕಣ ಖಾಲಿ ಮಾಡಿಕೊಟ್ಟರೆ, ಅವಳು ಅಲ್ಲಿ ಲಿಪ್‌ಸ್ಟಿಕ್ ಜೋಡಿಸಿದಳು. ಮದ್ದೂರಿನಲ್ಲಿ ಒಂದು ವರ್ಷದ ಬ್ಯೂಟಿಷಿಯನ್ ಕೋರ್ಸ್ ಇದೆಯಂತೆ, ಅದಕ್ಕೆ ಸೇರುತ್ತಾಳಂತೆ. ಶನಿವಾರ ಕೊನೆಯ ದಿನ. ಅವಳ ತಾಯಿ ಪುಷ್ಪಾ, "ಅವ್ವ ಒಪ್ಪಿದ್ರೆ ನಂದೇನೂ ಇಲ್ಲ" ಎಂದು ಫೋನಿನಲ್ಲೇ ಕೈ ತೊಳೆದುಕೊಂಡಳು.

"ಸುಳ್ಳು ಬಳಿಯೋದನ್ನ ಒಂದು ವರ್ಷ ಕೂತು ಕಲೀಬೇಕಾ?" ಎಂದೆ.

"ಸುಳ್ಳು ಅಂತ ತೋರಿಸಿ ಅಜ್ಜಿ. ಪ್ರಯೋಗ ಮಾಡದೆ ತೀರ್ಪು ಕೊಡೋರು ಮೂರ್ಖರು ಅಂತ ನೀವೇ ಹೇಳ್ತೀರಲ್ಲ."

ಹೇಳಿದ್ದೆ. ಸಾವಿರಾರು ಮಕ್ಕಳಿಗೆ ಹೇಳಿದ್ದೆ. ಅವರಲ್ಲಿ ಒಬ್ಬರೂ ಅದನ್ನು ನನ್ನ ಮೇಲೆ ತಿರುಗಿಸಿರಲಿಲ್ಲ.

ಅವಳ ಹಳೆಯ ಪ್ರಾಕ್ಟಿಕಲ್ ಪುಸ್ತಕದಲ್ಲಿ ಖಾಲಿ ಹಾಳೆ ಹುಡುಕಿ ಕರಾರು ಬರೆದೆವು. ಪರೀಕ್ಷೆಗೆ ಮೂರು ಪದಾರ್ಥ. ಕಾಡಿಗೆ: ಹನ್ನೆರಡು ಗಂಟೆ ನೀರಿಗೆ, ಬೆವರಿಗೆ, ಕಣ್ಣೀರಿಗೆ ಜಗ್ಗದು. ಲಿಪ್‌ಸ್ಟಿಕ್: ತಿಂದರೂ ಕುಡಿದರೂ ಮಾಸದು. ಒಂದು ಕ್ರೀಮು: ಮುಖದ ಗೆರೆಗಳು ಮಾಯ. ಈ ಮೂರನೆಯದನ್ನು ಹೇಗೆ ಅಳೆಯುವುದು ಎಂಬ ಪ್ರಶ್ನೆ ಬಂತು. ನನ್ನ ಯಜಮಾನರು ಮಹದೇವಸ್ವಾಮಿ, ನೀರಾವರಿ ಇಲಾಖೆಯಲ್ಲಿದ್ದವರು, ಸಾಕ್ಷಿ ಹಾಕಲು ಕೂತಿದ್ದರು. ಅವರನ್ನೇ ಕೇಳಿದೆ.

"ನಿನ್ ಮಕದಲ್ಲಿ ಗೆರೆ ಅವೆ ಅಂತ ಬಾಯ್ಬಿಟ್ಟು ಹೇಳೋ ಧೈರ್ಯ ನಂಗೆ ಇನ್ನೂ ಬಂದಿಲ್ಲ ಕಣಮ್ಮಿ" ಎಂದರು. ಸಾಕ್ಷಿಯೇ ಹೆದರಿದ್ದರಿಂದ ಕ್ರೀಮನ್ನು ಪಟ್ಟಿಯಿಂದ ಹೊಡೆದುಹಾಕಿದೆವು.

ಉಳಿದ ಎರಡರಲ್ಲಿ ಒಂದು ಸೋತರೂ ನಾಗಶ್ರೀ ಎಂ.ಎಸ್ಸಿ. ಓದತಕ್ಕದ್ದು. ಎರಡೂ ನಿಂತರೆ ಮದ್ದೂರು. ಯಾವ ಕಾರಣಕ್ಕೂ ಪ್ರಯೋಗವನ್ನು ಮಧ್ಯದಲ್ಲಿ ನಿಲ್ಲಿಸತಕ್ಕದ್ದಲ್ಲ. ಅವಧಿಗೆ ಮುಂಚೆ ಅಜ್ಜಿಯೇ ಒರೆಸಿಕೊಂಡರೆ ಪದಾರ್ಥ ಪಾಸಾದಂತೆ. ಮೂವರೂ ಸಹಿ ಹಾಕಿದೆವು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಶುರು. ಹೋಲಿಸಿ ನೋಡಲು ಅರ್ಧ ಮುಖ ಬರಿದಾಗಿರಬೇಕಲ್ಲವೆ? ಹಾಗಾಗಿ ಕಾಡಿಗೆ ಎಡಗಣ್ಣಿಗೆ ಮಾತ್ರ. ಲಿಪ್‌ಸ್ಟಿಕ್ ಕೆಳತುಟಿಗೆ ಮಾತ್ರ. ಕನ್ನಡಿ ನೋಡಿದೆ. ಎರಡು ನಾಟಕ ಕಂಪನಿಗಳು ಒಂದೇ ಮುಖವನ್ನು ಬಾಡಿಗೆಗೆ ಹಿಡಿದ ಹಾಗಿತ್ತು.

ಮುಖ ಮುಟ್ಟಬಾರದು ಎಂದು ನಿಯಮ ಮಾಡಿದ ಕ್ಷಣದಿಂದ ಮುಖಕ್ಕೆ ಬೇರೆ ಕಸುಬೇ ಇಲ್ಲವಾಯಿತು. ರೆಪ್ಪೆ ಕಚ್ಚಿತು, ಮೂಗು ಕಡಿಯಿತು, ಹುಬ್ಬಿನಲ್ಲಿ ಇರುವೆ ಹರಿದ ಹಾಗಾಯಿತು. ಕೂತರೆ ಕೈ ತಾನಾಗಿ ಮೇಲೇಳುತ್ತದೆ. ಆದ್ದರಿಂದ ನಡೆದೆ. ನಡುಮನೆಯಿಂದ ಅಡುಗೆಮನೆ, ಅಡುಗೆಮನೆಯಿಂದ ಹಿತ್ತಿಲು, ಹಿತ್ತಿಲಿಂದ ಕನ್ನಡಿ. ಕಾಲುಗಂಟೆಗೊಮ್ಮೆ ಗಡಿಯಾರ.

"ಕೂತ್ಕೊಳೆ, ನೆಲ ಸವದೋಯ್ತದೆ" ಎಂದರು ಯಜಮಾನರು.

ಒಂಬತ್ತಕ್ಕೆ ಚೊಂಬು ನೀರು ಮುಖಕ್ಕೆ ಎರಚಿಸಿಕೊಂಡೆ. ಕಾಡಿಗೆ ಅಲ್ಲಾಡಲಿಲ್ಲ. ಹತ್ತಕ್ಕೆ ಮಹಡಿಯ ಬಿಸಿಲಿನಲ್ಲಿ ಇಪ್ಪತ್ತು ಸುತ್ತು ಹಾಕಿ ಬೆವರು ಬಸಿದುಕೊಂಡು ಬಂದೆ. ಅಲ್ಲಾಡಲಿಲ್ಲ. ನಾಗಶ್ರೀ ಒಂದೊಂದಕ್ಕೂ ಪುಸ್ತಕದಲ್ಲಿ ಸಣ್ಣ ಗುರುತು ಹಾಕುತ್ತಿದ್ದಳು, ನಾನೇ ಕಲಿಸಿದ ಅಚ್ಚುಕಟ್ಟಿನಲ್ಲಿ. ಒಂದು ಡಬ್ಬಿಯಾದರೂ ಕೊಟ್ಟ ಮಾತು ಉಳಿಸಿಕೊಳ್ಳಬಹುದು ಎಂಬ ಅನುಮಾನವೇ ನನಗೆ ಬಂದಿರಲಿಲ್ಲ. ಮತ್ತೆ ನಡೆಯತೊಡಗಿದೆ, ಈ ಸಲ ಬೇಗ ಬೇಗ.

ಹತ್ತೂವರೆಗೆ ಫೋನು. ಮಳವಳ್ಳಿಯಿಂದ ಶಿವರಾಜು. ಅವನ ತಂದೆ ಮರಿಸಿದ್ದಯ್ಯನವರು ಬೆಳಗಿನ ಜಾವ ತೀರಿಕೊಂಡರು. ಮಧ್ಯಾಹ್ನ ಎರಡೂವರೆಗೆ ಮಣ್ಣು.

ಮರಿಸಿದ್ದಯ್ಯನವರು ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರದ ಮುಖ್ಯಸ್ಥರಾಗಿದ್ದರು. ಅವರಿಗೂ ನನಗೂ ಇಪ್ಪತ್ತೆರಡು ವರ್ಷ ಮಾತಿರಲಿಲ್ಲ, ಪತ್ರವ್ಯವಹಾರವಿತ್ತು. ನಮ್ಮ ಆಸಿಡ್ ಹೊಗೆಯಿಂದ ಅವರ ಉಪಕರಣಗಳು ತುಕ್ಕು ಹಿಡಿದವೆಂದು ಅವರು ಬರೆದರು. ತುಕ್ಕಿಗೆ ಹೊಗೆಯಲ್ಲ, ಬಳಸದೆ ಇಟ್ಟಿರುವುದೇ ಕಾರಣವೆಂದು ನಾನು ಬರೆದೆ. ಗೋಡೆಯ ಆ ಕಡೆ ಅವರು, ಈ ಕಡೆ ನಾನು, ನಡುವೆ ದಿನಕ್ಕೆರಡು ಬಾರಿ ಅಟೆಂಡರ್ ಕೆಂಪಸಿದ್ದಯ್ಯ. ಇಬ್ಬರೂ ಒಂದೇ ವರ್ಷ ನಿವೃತ್ತರಾದೆವು. ಕೊನೆಯ ಪತ್ರ ನನ್ನದು. ಅದಕ್ಕೆ ಉತ್ತರ ಬಂದಿರಲಿಲ್ಲ.

"ಮಕ ತೊಳ್ಕೊ, ಒಂಟ್‌ಬುಡವ" ಎಂದರು ಯಜಮಾನರು.

"ಅಜ್ಜಿ, ನಿಲ್ಲಿಸಿಬಿಡಿ. ಸಾವಿನ ಮನೆಗೆ ಹೀಗೆ ಬೇಡ" ಎಂದಳು ನಾಗಶ್ರೀ. "ನಾಳೆ ಮತ್ತೆ ಮಾಡೋಣ."

ನಾಳೆ ಶನಿವಾರ. ರಾತ್ರಿ ಎಂಟರ ತನಕ ಪ್ರಯೋಗ ನಡೆಸಿದರೆ ಮದ್ದೂರಿನಲ್ಲಿ ಯಾರು ಕಾಯುತ್ತಾರೆ? ಹಾಗೆ ಗೆಲ್ಲುವುದು ಮೋಸ. ಈಗ ಮುಖ ತೊಳೆದರೆ ಕರಾರಿನಂತೆ ಕಾಡಿಗೆ ಪಾಸು, ಹುಡುಗಿ ಕೈತಪ್ಪಿದಳು. "ಯಾವ ಕಾರಣಕ್ಕೂ ಅಂತ ಬರೆದಿದ್ದೀವಿ" ಎಂದೆ. ಸೆರಗನ್ನು ತಲೆಯ ಮೇಲೆ ಎಡಗಡೆಗೆ ಎಳೆದುಕೊಂಡು ಹೊರಟೆ. ಪುಸ್ತಕ ಹಿಡಿದು ಅವಳೂ ಬಂದಳು, ವೀಕ್ಷಕಳಾಗಿ.

ಮದ್ದೂರಿನಲ್ಲಿ ಬಸ್ಸು ಬದಲಾಯಿಸಬೇಕು. ಮಳವಳ್ಳಿ ಬಸ್ಸಿಗೆ ಕಾಲುಗಂಟೆ ಇತ್ತು. ಎರಡು ವಡೆ ತಂದುಕೊಡಿ ಎಂದೆ.

"ಮಣ್ಣಿಗೋಗೋ ದಾರೀಲಿ ವಡೆನಾ?" ಯಜಮಾನರು ಸುತ್ತ ನೋಡಿದರು. "ಯಾರಾನಾ ಕಂಡೋರು ಏನಂದಾರು?"

"ಎಣ್ಣೆ ಪದಾರ್ಥದ ಮುಂದೆ ಯಾವ ಲಿಪ್‌ಸ್ಟಿಕ್ಕೂ ನಿಲ್ಲೋದಿಲ್ಲ. ಇದು ತಿಂಡಿ ಅಲ್ಲ ಕಣ್ರೀ, ಪ್ರಯೋಗ."

ಈರುಳ್ಳಿಯ ಚೂರು ಸಮೇತ ಎರಡನ್ನೂ ಮುಗಿಸಿದೆ. ಕೆಳತುಟಿ ಮೊದಲಿಗಿಂತ ಹೆಚ್ಚು ಹೊಳೆಯುತ್ತಿತ್ತು. ನಾಗಶ್ರೀ ಗುರುತು ಹಾಕಿದಳು. ಎಣ್ಣೆಯ ಕೈ ಒರೆಸಿದ ಕಾಗದದಲ್ಲಿ ಕೆಂಪು ಹುಡುಕಿದೆ, ಬರೀ ಎಣ್ಣೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನನ್ನೇ ದಿಟ್ಟಿಸಿ, "ಒಂದೇ ಕಣ್ಣಿಗೆ ಆಪರೇಸನ್ ಆಯ್ತಾ ಅಜ್ಜಿ? ಔಸ್ದಿ ಕಪ್ಪುಗಯ್ತಲ್ಲ" ಎಂದಳು. ಹೌದು ಎಂದೆ. ಬಸ್ಸು ನಿಲ್ಲುವ ಮೊದಲೇ ಎದ್ದು ಬಾಗಿಲಲ್ಲಿ ನಿಂತೆ. ದಾರಿಯಲ್ಲಿ ಎರಡು ಕಡೆ ಇಳಿದು ವಾಪಸಾಗಬೇಕೆನ್ನಿಸಿತ್ತು, ಎರಡೂ ಮಳವಳ್ಳಿಯಾಗಿರಲಿಲ್ಲ.

ಸಾವಿನ ಮನೆಯ ಮುಂದೆ ಶಾಮಿಯಾನ, ಕುರ್ಚಿಗಳು, ಹಳೆಯ ವಿದ್ಯಾರ್ಥಿಗಳು. ನಡುಮನೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಮರಿಸಿದ್ದಯ್ಯನವರು. ತಲೆಯ ಬಳಿ ಒಂದು ಮೇಣದಬತ್ತಿ. ಹಾರ ಹಾಕಿ, ಎರಡು ನಿಮಿಷ ನಿಂತು, ಬಂದ ದಾರಿಯಲ್ಲಿ ವಾಪಸಾಗುವುದು ನನ್ನ ಯೋಜನೆ. ನಾನು ಸಾವಿನ ಮನೆಯಲ್ಲಿ ಅಳುವವಳಲ್ಲ. ನಮ್ಮ ತಾಯಿ ತೀರಿಕೊಂಡ ದಿನ ಮಣ್ಣು ಮುಗಿಸಿ ಬಂದು ಉತ್ತರಪತ್ರಿಕೆ ತಿದ್ದಿದವಳು.

ಅವರ ಹೆಂಡತಿ ಮುದ್ದಮ್ಮ ನನ್ನ ಕೈ ಹಿಡಿದುಕೊಂಡರು. ಅಲ್ಲಿಯವರೆಗೂ ಗೋಡೆಗೊರಗಿ ಸುಮ್ಮನೆ ಕೂತಿದ್ದ ಹೆಂಗಸು.

"ಬಂದ್ರಾ ಮೇಡಂ" ಎಂದರು. "ನಿಮ್ ಕಾಗ್ದಗೋಳ್ನೆಲ್ಲ ಒಂದ್ ಟ್ರಂಕಲ್ಲಿ ಮಡಗವ್ರೆ. ರಿಟೇರ್ ಆದ್ಮೇಲೆ ಸಂಜೆ ಹೊತ್ತು ತಗ್ದು ಓದೋರು. ಓದ್ಬುಟ್ಟು ನಗೋರು. ಈ ಮನೇಲಿ ಎಲ್ರೂ ನಾನ್ ಹೇಳಿದ್ಕೆ ಹೂ ಅಂತೀರಿ, ನನ್ ಜೊತೆ ಸರ್ಯಾಗಿ ಜಗಳ ಆಡೋರು ಒಬ್ರೂ ಇಲ್ವಲ್ಲ ಅಂತ ಕೊರಗೋರು."

ನಾನು ಏನೋ ಹೇಳಲು ಬಾಯಿ ತೆರೆದೆ. ಮರಿಸಿದ್ದಯ್ಯನವರ ಮುಖ ನೋಡಿದೆ. ಇಪ್ಪತ್ತೆರಡು ವರ್ಷದಲ್ಲಿ, ಆ ಕೊನೆಯ ಪತ್ರವೊಂದನ್ನು ಬಿಟ್ಟರೆ, ಅವರು ನನ್ನ ಯಾವ ವಾದವನ್ನೂ ಉತ್ತರವಿಲ್ಲದೆ ಬಿಟ್ಟಿರಲಿಲ್ಲ.

ಆಮೇಲೆ ನಡೆದದ್ದನ್ನು ಪಕ್ಕದವರ ಮಾತಿನಿಂದ ತಿಳಿದುಕೊಂಡೆ. "ಅಯ್ಯೋ, ಕೆಮಿಸ್ಟ್ರಿ ಮೇಡಂ ಅಳ್ತಾವ್ರೆ ಕಣ್ಲಾ" ಎಂದ ಒಬ್ಬ. ಐವತ್ತು ದಾಟಿದವನು, ಒಮ್ಮೆ ನನ್ನ ಕೈಯಲ್ಲಿ ಫೇಲಾಗಿದ್ದವನು. "ಸುಮ್ಕಿರ್ಲಾ, ಅವ್ರು ಅಳಾಕಿಲ್ಲ." "ನೋಡ್ಲಾ ಅಲ್ಲಿ, ಕಪ್ಪುಗೆ ಇಳೀತಾ ಅದೆ." ಇಡೀ ಶಾಮಿಯಾನ ಒಳಗೆ ಬಗ್ಗಿ ನೋಡಿತು. ನನ್ನ ಎಡಗೆನ್ನೆಯ ಮೇಲೆ ಕಾವೇರಿ ನಾಲೆಯಷ್ಟು ನೇರವಾದ ಒಂದು ಕಪ್ಪು ಗೆರೆ ಗಲ್ಲದವರೆಗೆ ಹರಿದಿತ್ತು. ನನ್ನ ಅಳು ಕಂಡು, ಅದುವರೆಗೆ ತಡೆದುಕೊಂಡಿದ್ದ ಮುದ್ದಮ್ಮ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟರು. ನಾನು ಸೆರಗಿನಿಂದ ಮುಖ ಉಜ್ಜಿದೆ. ನಾಗಶ್ರೀ ಪುಸ್ತಕವನ್ನು ಬೆನ್ನ ಹಿಂದೆ ಇಟ್ಟುಕೊಂಡು ಬೇರೆ ಕಡೆ ನೋಡುತ್ತಿದ್ದಳು.

ಮನೆಗೆ ಬಂದಾಗ ಏಳು ಗಂಟೆ. ಮಣ್ಣಿಗೆ ಹೋಗಿಬಂದವರು ಸ್ನಾನ ಮಾಡದೆ ಒಳಗೆ ಬರುವಂತಿಲ್ಲವಲ್ಲ, ಹಿತ್ತಿಲಲ್ಲಿ ತಲೆಯ ಮೇಲೆ ನಾಲ್ಕು ಬಿಂದಿಗೆ ನೀರು ಹುಯ್ದುಕೊಂಡೆ. ಮುಖ ಬಿಟ್ಟು ಮಿಕ್ಕಿದ್ದನ್ನೆಲ್ಲ ಒರೆಸಿಕೊಂಡು ಕನ್ನಡಿ ನೋಡಿದರೆ, ರೆಪ್ಪೆಯಲ್ಲಿ ಉಳಿದಿದ್ದ ಕಾಡಿಗೆ ಹಾಗೇ ಇದೆ. ಕೆಳತುಟಿಯೂ ಹಾಗೇ ಇದೆ.

ಎಂಟಕ್ಕೆ ಮೂವರೂ ಮೇಜಿನ ಸುತ್ತ ಸೇರಿದೆವು. ನಾನು ಕೂರಲಿಲ್ಲ, ನಿಂತೇ ಇದ್ದೆ.

"ಲಿಪ್‌ಸ್ಟಿಕ್ ಪಾಸು" ಎಂದಳು ನಾಗಶ್ರೀ. "ಕಾಡಿಗೆ ನೀರಿಗೆ ಪಾಸು, ಬೆವರಿಗೆ ಪಾಸು, ಸ್ನಾನಕ್ಕೂ ಪಾಸು. ಆದ್ರೆ ಮಳವಳ್ಳೀಲಿ ಹರೀತು. ಯಾತಕ್ಕೆ ಅಂತ ಬರೀಬೇಕು ಅಜ್ಜಿ."

ನಾನು ಗಡಿಯಾರ ನೋಡಿದೆ.

"ಕಣ್ಣೀರಿಗೆ ಅಂತಾದ್ರೆ ಕಾಡಿಗೆ ಫೇಲು, ನೀವು ಗೆದ್ರಿ. ನಾನು ಸೋಮವಾರವೇ ಎಂ.ಎಸ್ಸಿ.ಗೆ ಅರ್ಜಿ ಹಾಕ್ತೀನಿ." ಅವಳ ದನಿ ಸಣ್ಣಗಾಗಿತ್ತು, ಆದರೆ ಪೆನ್ನು ನೆಟ್ಟಗಿತ್ತು. "ಬರೀಲಾ, ಅಜ್ಜಿ ಅತ್ರು ಅಂತ?"

ಗೆಲುವು ಒಂದು ಶಬ್ದದಷ್ಟು ದೂರದಲ್ಲಿತ್ತು. ಆ ಶಬ್ದವನ್ನು ಬಾಯಿಗೆ ತಂದುಕೊಳ್ಳಲು ನಾನು ಬಾಗಿಲವರೆಗೆ ಎರಡು ಸಲ ಹೋಗಿಬಂದೆ.

"ಊದುಬತ್ತಿ ಹೊಗೆಗೆ ಕಣ್ಣು ಉರೀತು" ಎಂದೆ.

"ಯಾವ ಊದುಬತ್ತಿ?" ಎಂದರು ಯಜಮಾನರು. "ಒಂದು ಮೇಣದಬತ್ತಿ ಇತ್ತು. ಅದೂ ಗಾಳಿಗೆ ಆರೋಗಿತ್ತು."

"ಬಸ್ಸಿನ ಧೂಳು."

"ನೋಡಮ್ಮಿ, ಮೂವತ್ತು ವರ್ಸ ನಾಲೆ ನೀರು ಅಳ್ದೋನು ನಾನು. ಎಡದಂಡೇಲಿ ಕಪ್ಪುಗಿತ್ತು, ಅದ್ಕೆ ಎಲ್ರಿಗೂ ಕಾಣುಸ್ತು. ಬಲದಂಡೇಲೂ ಅಷ್ಟೇ ಹರೀತಿತ್ತು."

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಪುಸ್ತಕದಲ್ಲಿ ಒಮ್ಮೆ ಬರೆದರೆ ಆಯಿತು. ಅದನ್ನು ಪುಷ್ಪಾ ಓದುತ್ತಾಳೆ, ಅಳಿಯ ಓದುತ್ತಾನೆ, ಯುಗಾದಿಗೆ ಬಂದ ನೆಂಟರಿಗೆಲ್ಲ ಅದನ್ನು ಓದಿ ಹೇಳುತ್ತಾರೆ. ಕೈ ಚಾಚಿ ಪೆನ್ನು ಇಸಿದುಕೊಂಡೆ. ಕಾರಣದ ಅಂಕಣದಲ್ಲಿ ದುಂಡಗೆ ಬರೆದೆ: 'ಅಜ್ಜಿಯೇ ಸೆರಗಿನಿಂದ ಒರೆಸಿಕೊಂಡಳು.'

ನಾಗಶ್ರೀ ಓದಿದಳು. ಇನ್ನೊಮ್ಮೆ ಓದಿದಳು.

"ಹಾಗಂದ್ರೆ ಕಾಡಿಗೆ ಪಾಸು ಅಜ್ಜಿ."

"ನನಗೆ ಓದಕ್ಕೆ ಬರುತ್ತೆ. ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೋಗು, ಸೀಟು ತುಂಬಿಹೋದೀತು."

ಅವಳು ಸೋಮವಾರದಿಂದ ತರಗತಿಗೆ ಹೋಗತೊಡಗಿದಳು. ಬುಧವಾರ ಸಂಜೆ ಶಿವರಾಜು ಮತ್ತೆ ಫೋನು ಮಾಡಿದ. ಭಾನುವಾರ ಮಳವಳ್ಳಿಯಲ್ಲಿ ನುಡಿನಮನ ಇಟ್ಟುಕೊಂಡಿದ್ದಾರಂತೆ. "ನೀವು ಮಾತಾಡ್ಲೇಬೇಕು ಅಂತ ಅವ್ವ ಹಟ ಮಾಡ್ತಾ ಅದೆ ಮೇಡಂ. ಅಪ್ಪನ್ನ ಹೊಗಳೋರು ಬೇಕಾದಷ್ಟು ಜನ ಅವ್ರೆ. ಬಯ್ಯೋರು ನೀವೊಬ್ರೇ ಉಳ್ದಿರೋದು." ಹತ್ತು ನಿಮಿಷ ಮಾತಾಡುತ್ತೇನೆ, ಆಸಿಡ್ ಹೊಗೆಯ ವಿಷಯ ಅಂದೇ ಇತ್ಯರ್ಥ ಮಾಡಿಬಿಡುತ್ತೇನೆ ಎಂದೆ. ಫೋನು ಇಟ್ಟ ಮೇಲೂ ನಡುಮನೆಯಲ್ಲಿ ಎರಡು ಸುತ್ತು ಹಾಕಿದೆ.

ಮದ್ದೂರಿನಿಂದ ಆಗಷ್ಟೇ ಬಂದಿದ್ದ ನಾಗಶ್ರೀ ಚಪ್ಪಲಿ ಬಿಡುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಏನು ನೋಡ್ತೀಯಾ? ಅವತ್ತು ಬೇಕಾದ್ರೆ ಪೂರ್ತಿ ಮುಖಕ್ಕೆ ಹಚ್ಚು" ಎಂದೆ, ಸೋತವರೂ ಉದಾರಿಗಳಾಗಿರಬಹುದು ಎಂದು ತೋರಿಸಲು.

"ಆಗಲ್ಲ ಅಜ್ಜಿ" ಎಂದಳು. "ನಮ್ಮ ಕೋರ್ಸಿನ ಮೇಡಂ ಮೊದಲನೇ ದಿನಾನೇ ಹೇಳಿಕೊಟ್ರು. ಮದುವೆ ಹೆಣ್ಣು ಅಳ್ತಾಳೆ ಅಂತ ಹೆದರ್ಬೇಡಿ, ಧೈರ್ಯವಾಗಿ ಹಚ್ಚಿ. ನಾನು ಅಳೋದೇ ಇಲ್ಲ ಅನ್ನೋರು ಬಂದ್ರೆ ಮಾತ್ರ ದುಡ್ಡು ವಾಪಸ್ ಕೊಟ್ಟು ಕಳಿಸ್ಬಿಡಿ ಅಂತ."